ಟೀಮಿನ ಆಫೀಸರ್ ಹೋದರೆ ಇವರೆಲ್ಲ ಯಾಕೆ ಹೀಗಾಗ್ತಾರೆ ಅಂತ ಕೇಳಿದೆಯಲ್ಲ, ತಮ್ಮಾ

ತಮ್ಮಾ, ನೀನು ಬರೆದಿದ್ದು ಎರಡು ಸಲ ಓದಿದೆ. ಬಂಗಾರಪೇಟೆ ಬಿಟ್ಟು ಬಾಸ್ಟನ್‌ಗೆ ಬಂದು ಇನ್ನೂ ಐದು ವಾರ. ಮನೆ ಬಾಡಿಗೆ, ಚಳಿ ಕೋಟು, ಅಕ್ಕಿ, ಕಾರು, ಎಲ್ಲ ಕೇಳಿದ್ದೀಯ. ಕೊನೆಗೆ ಹೀಗೆ ಬರೆದಿದ್ದೀಯ: "ಅಕ್ಕಾ, ಗುರುವಾರ ಮಧ್ಯಾಹ್ನ ಆಫೀಸಿನಲ್ಲಿ ಯಾರಿಗೂ ಕೆಲಸದ ಮೇಲೆ ಗಮನ ಇರಲಿಲ್ಲ. ಇಲ್ಲಿನ ಬೇಸ್‌ಬಾಲ್ ಟೀಮು ರೆಡ್ ಸಾಕ್ಸ್‌ನ ಯಾರೋ ಆಫೀಸರ್‌ನ ತೆಗೆದುಹಾಕಿದರಂತೆ. ಅರ್ಧ ಜನ ಖುಷಿ, ಅರ್ಧ ಜನ ಬೇಜಾರು. ಅವರು ಬ್ಯಾಟೂ ಹಿಡಿಯಲ್ಲ, ಬಾಲೂ ಎಸೆಯಲ್ಲ. ಇದಕ್ಕೆ ನಾನು ಏನು ಹೇಳಬೇಕು? ನಮ್ಮ ಮ್ಯಾನೇಜರ್ ಮುಂದಿನ ವಾರದ ಕೊನೆಗೆ ಮ್ಯಾಚಿಗೆ ಬಾ ಅಂತ ಕರೆದಿದ್ದಾರೆ. ಆಟವೇ ಗೊತ್ತಿಲ್ಲ. ಆಗಲ್ಲ ಅಂದುಬಿಡಲಾ?"

ಮೊದಲು ಉಳಿದದ್ದು ಮುಗಿಸುತ್ತೇನೆ. ಇಲ್ಲಿ ಬಹಳ ಮನೆಗಳ ಅಗ್ರಿಮೆಂಟ್ ಸೆಪ್ಟೆಂಬರ್ 1ಕ್ಕೆ ಶುರುವಾಗುತ್ತದೆ. ಅದು ಕಳೆದುಹೋಯಿತು, ಹಾಗಾಗಿ ಈಗ ಸಿಗುವುದು ಕಡಿಮೆ. ಸದ್ಯ ಯಾರ ಜೊತೆಗಾದರೂ ಸೇರಿಕೊಂಡಿರು. ಬೀದಿಯಲ್ಲಿ ಬಿಟ್ಟುಹೋದ ಮೇಜು, ಕುರ್ಚಿ ತಂದುಕೋ, ಹಾಸಿಗೆ ಮಾತ್ರ ಬೇಡ, ತಿಗಣೆ ಬರುತ್ತದೆ. ಕೋಟಿಗಿಂತ ಒಳ್ಳೆಯ ಬೂಟು ಮುಖ್ಯ. ಅಕ್ಕಿ, ಬೇಳೆ ವಾಲ್ಥಮ್‌ನಲ್ಲಿ ಸಿಗುತ್ತದೆ. ಕಾರಿನ ವಿಷಯ ಒಂದು ಹಿಮಗಾಲ ನೋಡಿ ಆಮೇಲೆ ಯೋಚಿಸು.

ಈಗ ಕೊನೆಯ ಪ್ರಶ್ನೆ. ಅದಕ್ಕೆ ನಾನು ಸ್ವಲ್ಪ ಜಾಸ್ತಿ ಬರೆಯಬೇಕು.

ಹೋದವರ ಹೆಸರು ಹೈಮ್ ಬ್ಲೂಮ್. 2019ರ ಅಕ್ಟೋಬರ್‌ನಲ್ಲಿ ಟ್ಯಾಂಪಾ ಬೇ ಟೀಮಿನಿಂದ ಬಂದವರು. ಅವರ ಕೆಲಸ ಏನು ಅಂತ ನಿನಗೆ ಹೇಗೆ ಹೇಳಲಿ? ಐಪಿಎಲ್ ಹರಾಜಿನಲ್ಲಿ ಮೇಜಿನ ಮುಂದೆ ಕೂತು ಯಾರನ್ನು ಕೊಳ್ಳಬೇಕು, ಯಾರನ್ನು ಬಿಡಬೇಕು ಅಂತ ಲೆಕ್ಕ ಹಾಕುತ್ತಾರಲ್ಲ, ಆ ಥರ. ಆದರೆ ಇಲ್ಲಿ ಅದು ವರ್ಷಕ್ಕೊಂದು ದಿನದ ಕೆಲಸ ಅಲ್ಲ, ವರ್ಷಪೂರ್ತಿ. ಯಾವ ಆಟಗಾರ ಇರಬೇಕು, ಯಾರನ್ನು ಕೊಟ್ಟು ಯಾರನ್ನು ತರಬೇಕು, ಕೆಳಗಿನ ಟೀಮುಗಳಲ್ಲಿ ಯಾವ ಹುಡುಗನನ್ನು ಬೆಳೆಸಬೇಕು, ಎಲ್ಲ ಅವರ ಕೈಯಲ್ಲಿ. ಬಂದ ನಾಲ್ಕೇ ತಿಂಗಳಿಗೆ, 2020ರ ಫೆಬ್ರವರಿಯಲ್ಲಿ, ಮೂಕಿ ಬೆಟ್ಸ್ ಅನ್ನೋ ಆಟಗಾರನನ್ನು ಲಾಸ್ ಏಂಜಲೀಸ್‌ನ ಡಾಡ್ಜರ್ಸ್‌ಗೆ ಕೊಟ್ಟುಬಿಟ್ಟರು. 2018ರಲ್ಲಿ ಈ ಟೀಮು ಕಪ್ ಗೆದ್ದಾಗ ಆ ವರ್ಷ ಅವರ ಲೀಗಿನ ಅತ್ಯುತ್ತಮ ಆಟಗಾರ ಅವನೇ. ಮನೆಮಗ ಇದ್ದ ಹಾಗಿದ್ದ. ಆ ಗಾಯ ಇನ್ನೂ ಆರಿಲ್ಲ. ಡಾಡ್ಜರ್ಸ್ ಅದೇ ವರ್ಷ ಕಪ್ ಗೆದ್ದರು. ಇವರು 2020ರಲ್ಲೂ 2022ರಲ್ಲೂ ತಮ್ಮ ಗುಂಪಿನಲ್ಲಿ ಕೊನೆ. ಮಧ್ಯೆ 2021ರಲ್ಲಿ ಸೆಮಿಫೈನಲ್ ಅನ್ನಬಹುದಾದ ಹಂತದ ತನಕ ಹೋಗಿದ್ದರು ಅನ್ನೋದು ಯಾರ ನೆನಪಿನಲ್ಲೂ ನಿಲ್ಲಲಿಲ್ಲ. ಮೊನ್ನೆ, 2023ರ ಸೆಪ್ಟೆಂಬರ್ 14ಕ್ಕೆ, ನ್ಯೂಯಾರ್ಕಿನ ಯಾಂಕೀಸ್ ಟೀಮಿನ ಜೊತೆ ಒಂದೇ ದಿನ ಎರಡು ಪಂದ್ಯ ಇದ್ದ ದಿನವೇ, ಬ್ಲೂಮ್ ಅವರನ್ನು ಕಳಿಸಿದರು.

ನಿನ್ನ ಆಫೀಸಿನಲ್ಲಿ ಖುಷಿಪಟ್ಟವರು ಮೂಕಿಯನ್ನು ಮರೆಯದವರು. ಬೇಜಾರು ಮಾಡಿಕೊಂಡವರು ಬೇರೆ ಮಾತು ಹೇಳುತ್ತಾರೆ. ಖರ್ಚು ಕಡಿಮೆ ಮಾಡಬೇಕು ಅಂದಿದ್ದು ಮಾಲೀಕರು, ಬೈಸಿಕೊಂಡಿದ್ದು ಈ ಮನುಷ್ಯ, ಕೆಳಗಿನ ಟೀಮುಗಳಲ್ಲಿ ಅವರು ಸೇರಿಸಿದ ಹುಡುಗರು ಮೇಲೆ ಬರೋ ಹೊತ್ತಿಗೆ ಅವರೇ ಇಲ್ಲ, ಅನ್ನೋದು ಅವರ ವಾದ. ನನಗೆ ಕೇಳಿದರೆ ಎರಡರಲ್ಲೂ ನಿಜ ಇದೆ. ಮೂಕಿಯನ್ನು ಕೊಟ್ಟಿದ್ದು ತಪ್ಪು. ಆ ತಪ್ಪನ್ನೆಲ್ಲ ಒಬ್ಬರ ತಲೆಗೆ ಕಟ್ಟಿದ್ದೂ ತಪ್ಪು.

ಆಟ ಆಡದವರಿಗೆ ಯಾಕೆ ಇಷ್ಟು ಅಂತ ಕೇಳ್ತೀಯ. ನೀನು ಕೋಲಾರ ಜಿಲ್ಲೆಯವನು, ನೀನೇ ಕೇಳಿದರೆ ಹೇಗೆ? 2014ರಲ್ಲಿ ಡಿ.ಸಿ. ಡಿ.ಕೆ. ರವಿ ಅವರಿಗೆ ವರ್ಗ ಆದಾಗ ನಿಮ್ಮೂರ ಕಡೆ ಜನ ಬೀದಿಗಿಳಿದಿದ್ದು ಮರೆತುಹೋಯ್ತಾ? ನಾನು ಇಲ್ಲಿ ಕೂತು ಆ ಸುದ್ದಿ ಓದಿ ಅತ್ತಿದ್ದೆ. ಅವರೇನು ನಮ್ಮ ನೆಂಟರಾ?

ನಾನು ಬಂದಿದ್ದು 2005ರ ಆಗಸ್ಟ್‌ನಲ್ಲಿ. ಮದುವೆಯಾಗಿ ಮೂರು ತಿಂಗಳು. ಮಾಲ್ಡನ್‌ನಲ್ಲಿ ಮೂರು ಮಹಡಿಯ ಮರದ ಮನೆ, ನಾವು ಮಧ್ಯದ ಮಹಡಿ. ಕೆಳಗಡೆ ಮನೆ ಓನರ್, ಎಪ್ಪತ್ತು ದಾಟಿದ ಅಜ್ಜ, ಹೆಂಡತಿ ತೀರಿಕೊಂಡಿದ್ದರು. ಆಗ ನನ್ನ ಥರ ಗಂಡನ ವೀಸಾದ ಮೇಲೆ ಬಂದ ಬಹಳ ಹೆಂಗಸರಿಗೆ ಕೆಲಸ ಮಾಡಲು ಅವಕಾಶವೇ ಇರಲಿಲ್ಲ. ನಮ್ಮವರು ಬೆಳಗ್ಗೆ ಏಳಕ್ಕೆ ಹೋದರೆ ರಾತ್ರಿ ಎಂಟು. ದಿನಪೂರ್ತಿ ನನಗೆ ಕೇಳುತ್ತಿದ್ದ ಮನುಷ್ಯರ ದನಿ ಅಂದರೆ ಸಂಜೆ ಜಗಲಿಯಲ್ಲಿ ಅಜ್ಜ ಹಾಕುತ್ತಿದ್ದ ರೇಡಿಯೋ. ಒಂದೇ ಒಂದು ಪದ ಅರ್ಥವಾಗುತ್ತಿರಲಿಲ್ಲ. ಆದರೂ ಚನ್ನರಾಯಪಟ್ಟಣದಲ್ಲಿ ನಮ್ಮಪ್ಪ ಕಿವಿಗಿಟ್ಟುಕೊಂಡು ಕೇಳುತ್ತಿದ್ದ ಕಾಮೆಂಟರಿ ಥರವೇ ಅನ್ನಿಸೋದು. ಸುಮ್ನೆ ಕಿಟಕಿ ತೆರೆದು ಕೂರುತ್ತಿದ್ದೆ. ಜೋ ಕಾಸ್ಟಿಲಿಯೋನ್ ಅವರ ದನಿ ಅದು. 1983ರಿಂದ ರೆಡ್ ಸಾಕ್ಸ್ ಪಂದ್ಯಗಳ ಕಾಮೆಂಟರಿ ಹೇಳುತ್ತಾ ಬಂದವರು.

ಆ ವರ್ಷ ಅಕ್ಟೋಬರ್ 31, ಹ್ಯಾಲೋವೀನ್. ಮಕ್ಕಳು ವೇಷ ಹಾಕಿಕೊಂಡು ಮನೆ ಮನೆಗೆ ಬರುವ ದಿನ. ಅಜ್ಜ ಬಾಗಿಲ ಮೆಟ್ಟಿಲ ಮೇಲೆ ಚಾಕಲೇಟ್ ಬಟ್ಟಲು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮಕ್ಕಳು ಬಂದು ಕೈ ಹಾಕಿ ತೆಗೆದುಕೊಂಡು ಹೋಗುತ್ತಿದ್ದವು. ಇವರು ಬಟ್ಟಲನ್ನೂ ನೋಡುತ್ತಿಲ್ಲ, ಮಕ್ಕಳನ್ನೂ ನೋಡುತ್ತಿಲ್ಲ. ಏನಾಯ್ತು ಅಂತ ಕೇಳಿದೆ. "ಥಿಯೋ ಹೋಗಿಬಿಟ್ಟ" ಅಂದರು.

ನಾನು ಮಗ ಅಂದುಕೊಂಡೆ. ಇಲ್ಲ ಮೊಮ್ಮಗ. ಇಂಥ ಹೊತ್ತಿನಲ್ಲಿ ಹೇಗೆ, ಯಾವಾಗ ಅಂತ ನಾವು ಕೇಳುತ್ತೇವಾ? ಮೇಲೆ ಹೋಗಿ ಅನ್ನ ಮಾಡಿ, ತಿಳಿಸಾರು ಮಾಡಿ, ಖಾರ ಕಡಿಮೆ ಹಾಕಿ, ಸ್ಟೀಲ್ ಡಬ್ಬಿಯಲ್ಲಿ ತಂದುಕೊಟ್ಟೆ. ಎರಡೂ ಕೈಯಲ್ಲಿ ತೆಗೆದುಕೊಂಡರು. ಏನೂ ಮಾತಾಡಲಿಲ್ಲ.

ರಾತ್ರಿ ನಮ್ಮವರು ಬಂದರು. ಹೇಳಿದೆ. ಅವರು ನಕ್ಕರು. ಥಿಯೋ ಎಪ್‌ಸ್ಟೀನ್ ಅಂದರೆ ರೆಡ್ ಸಾಕ್ಸ್ ಟೀಮಿನ ಜನರಲ್ ಮ್ಯಾನೇಜರ್, ಕೆಲಸ ಬಿಟ್ಟಿದ್ದಾನೆ ಅಂದರು. ಹೊರಗೆ ನಿಂತಿದ್ದ ಪತ್ರಕರ್ತರಿಗೆ ಗೊತ್ತಾಗದಿರಲಿ ಅಂತ ಗೊರಿಲ್ಲಾ ವೇಷ ಹಾಕಿಕೊಂಡು ಹೊರಟನಂತೆ ಅನ್ನೋದು ಆಮೇಲೆ ತಿಳಿದಿದ್ದು. "ಅಯ್ಯೋ, ಇದಕ್ಕಾ! ಥಿಯೋ ಅಂತೆ ಥಿಯೋ" ಅಂತ ನಾನೂ ಜೋರಾಗಿ ನಕ್ಕೆ. ಮರದ ಮನೆ ತಮ್ಮಾ. ಕೆಳಗಿನ ರೇಡಿಯೋ ಮೇಲೆ ಕೇಳಿದರೆ, ಮೇಲಿನ ನಗು ಕೆಳಗೆ ಕೇಳಲ್ವಾ? ಅವರಿಗೆ ಕನ್ನಡ ಬರಲ್ಲ. ಆದರೆ ಥಿಯೋ ಅನ್ನೋ ಹೆಸರು, ಅದರ ಹಿಂದೆಯೇ ಇಬ್ಬರ ನಗು. ಅದಕ್ಕೆ ಯಾವ ಭಾಷೆ ಬೇಕು?

ಬೆಳಗ್ಗೆ ನನ್ನ ಡಬ್ಬಿ ತೊಳೆದು, ಬೋರಲು ಹಾಕಿ ಮೆಟ್ಟಿಲ ಮೇಲೆ ಇಟ್ಟಿದ್ದರು. ಮುಚ್ಚಳ ಪಕ್ಕದಲ್ಲಿ. ಬಾಗಿಲು ತಟ್ಟಿರಲಿಲ್ಲ.

ಥಿಯೋ ಯಾರು ಅನ್ನೋದು ನನಗೆ ತಿಳಿದಿದ್ದು ಆಮೇಲೆ, ಸ್ವಲ್ಪ ಸ್ವಲ್ಪವಾಗಿ, ಅಜ್ಜನ ಬಾಯಿಂದಲೇ. ರೆಡ್ ಸಾಕ್ಸ್ ಆಡುವ ಫೆನ್‌ವೇ ಮೈದಾನದ ಹತ್ತಿರದ ಬ್ರೂಕ್‌ಲೈನ್‌ನಲ್ಲಿ ಬೆಳೆದ ಹುಡುಗ. 2002ರಲ್ಲಿ 28ನೇ ವಯಸ್ಸಿಗೆ ಈ ಕೆಲಸಕ್ಕೆ ಬಂದ. ಈ ಟೀಮು 1918ರಲ್ಲಿ ಗೆದ್ದಿದ್ದು ಬಿಟ್ಟರೆ ಮತ್ತೆ ಗೆದ್ದೇ ಇರಲಿಲ್ಲ. ನೀವೆಲ್ಲ ಹದಿನಾರು ಸಲ "ಈ ಸಲ ಕಪ್ ನಮ್ದೇ" ಅಂದಿದ್ದೀರಿ, ಇವರು "ಮುಂದಿನ ವರ್ಷ ನೋಡೋಣ" ಅಂತ 86 ವರ್ಷ ಹೇಳಿದ್ದರು. 1946, 1967, 1975, 1986. ನಾಲ್ಕು ಸಲ ಫೈನಲ್ ಸರಣಿ, ನಾಲ್ಕು ಸಲವೂ ಏಳನೇ ಪಂದ್ಯದ ತನಕ ಹೋಗಿ ಸೋತಿದ್ದು. ಅಜ್ಜ ಆ ನಾಲ್ಕು ಇಸವಿಗಳನ್ನು ಬೆರಳು ಮಡಿಸಿ ಹೇಳುತ್ತಿದ್ದರು. ನಾಲ್ಕರಲ್ಲೂ ಅವರ ಅಪ್ಪ ಜೊತೆಗಿದ್ದರು. ಆಮೇಲೆ ಅಪ್ಪ ಹೋದರು.

ಥಿಯೋ 2004ರ ಜುಲೈ 31ಕ್ಕೆ ನೋಮಾರ್ ಗಾರ್ಸಿಯಾಪಾರ ಅನ್ನೋ, ಊರೇ ಮೆಚ್ಚಿದ ಆಟಗಾರನನ್ನು ಬೇರೆ ಟೀಮಿಗೆ ಕೊಟ್ಟ. ಜನ ಬೈದರು. ಮೂರು ತಿಂಗಳಾಗಿರಲಿಲ್ಲ, ಯಾಂಕೀಸ್ ಎದುರು ಮೂರು ಪಂದ್ಯ ಸೋತು, ಇನ್ನೊಂದು ಸೋತರೆ ಮನೆಗೆ ಅನ್ನುವಾಗ ಸಾಲಾಗಿ ನಾಲ್ಕು ಗೆದ್ದರು. ಅಲ್ಲಿಯ ತನಕ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಯಾರೂ ಹಾಗೆ ಗೆದ್ದಿರಲಿಲ್ಲ. ಆಮೇಲೆ ಕಪ್ಪೂ ಬಂತು. ಮಾರನೇ ದಿನದ ಪೇಪರನ್ನು ಅಜ್ಜ ಅಪ್ಪನ ಸಮಾಧಿಗೆ ತಗೊಂಡು ಹೋಗಿ, ಹಾರದ ಹಾಗೆ ಕಲ್ಲು ಹೇರಿ ಇಟ್ಟು ಬಂದಿದ್ದರು. ಅವರೊಬ್ಬರೇ ಅಲ್ಲ, ಈ ಊರಿನ ಸ್ಮಶಾನಗಳಲ್ಲಿ ಆ ವಾರ ಟೋಪಿ, ಬಾವುಟ, ಪೇಪರು ಇಟ್ಟವರು ತುಂಬಾ ಜನ. ನಾವು ಪಿತೃಪಕ್ಷದಲ್ಲಿ ಎಡೆ ಇಡೋದು ಮತ್ತೇನಕ್ಕೆ?

ಅಂಥ ಮನುಷ್ಯ ಹೋದ ಅಂತ ಅಜ್ಜ ಕೂತಿದ್ದಾಗ ನಾನು ನಕ್ಕಿದ್ದೆ.

2006ರ ಜನವರಿಯಲ್ಲಿ ಥಿಯೋ ವಾಪಸ್ ಬಂದ. ಅಜ್ಜ ಮೊಣಕಾಲು ನೋವಿದ್ದರೂ ಮೆಟ್ಟಿಲು ಹತ್ತಿ ಬಂದು ನಮ್ಮ ಬಾಗಿಲು ತಟ್ಟಿ ಹೇಳಿದರು. ಒಲೆ ಮೇಲೆ ಹಾಲಿತ್ತು. ಒಳ್ಳೇದಾಯ್ತು ಅಂದು ಬಾಗಿಲು ಹಾಕಿಕೊಂಡೆ. ಒಳಗೆ ಕರೆಯಲಿಲ್ಲ. ಆ ಬೇಸಿಗೆಯಲ್ಲಿ ಅವರ ಹತ್ತಿರ ಎರಡು ಟಿಕೆಟ್ ಇತ್ತು, ಹೆಂಡತಿ ಇದ್ದಾಗಿನ ಅಭ್ಯಾಸ, ಎರಡೇ ತಗೋತಿದ್ದರು. ಬರ್ತೀಯಾ ಅಂದರು. ಊರಿಗೆ ಹೊರಡುವ ತಯಾರಿ ಇತ್ತು, ಮುಂದಿನ ಸಲ ಅಂದೆ. 2007ರ ವಸಂತದಲ್ಲಿ ಮನೆ ಮಾರಿ ಫ್ಲಾರಿಡಾಕ್ಕೆ ಮಗಳ ಹತ್ತಿರ ಹೋದರು. ಹೊರಟ ದಿನ ನಮ್ಮ ಮನೆ ತುಂಬ ನೆಂಟರು. ಕಿಟಕಿಯಿಂದ ಕೈ ಆಡಿಸಿದೆ. ಕೆಳಗಿಳಿದು ಹೋಗಿ ಬನ್ನಿ ಅಂತ ಹೇಳಲಿಲ್ಲ. ನಮ್ಮಮ್ಮ ಇದ್ದಿದ್ದರೆ ಬುತ್ತಿ ಕಟ್ಟಿಕೊಟ್ಟು ಬೀದಿ ತಿರುವಿನ ತನಕ ಹೋಗಿ ಬರುತ್ತಿದ್ದಳು. ಅದೇ ವರ್ಷ ಅಕ್ಟೋಬರ್‌ನಲ್ಲಿ ರೆಡ್ ಸಾಕ್ಸ್ ಮತ್ತೆ ಕಪ್ ಗೆದ್ದರು. ಅಷ್ಟು ಹೊತ್ತಿಗೆ ಸ್ಕೋರು ಓದೋಕೆ ನಾನೂ ಕಲಿತಿದ್ದೆ.

2011ರ ಸೆಪ್ಟೆಂಬರ್‌ನಲ್ಲಿ ಟೀಮು ಕುಸಿಯಿತು. ಆ ತಿಂಗಳು 27 ಪಂದ್ಯದಲ್ಲಿ ಗೆದ್ದಿದ್ದು ಏಳು. ಕೊನೆಯ ರಾತ್ರಿ ಬಾಲ್ಟಿಮೋರ್‌ನಲ್ಲಿ ಸೋತು ಹೊರಬಿದ್ದರು. ಅಕ್ಟೋಬರ್‌ನಲ್ಲಿ ಥಿಯೋ ಷಿಕಾಗೋದ ಕಬ್ಸ್ ಟೀಮಿಗೆ ಹೊರಟ. ಈ ಸಲ ವೇಷವೂ ಇಲ್ಲ, ವಾಪಸ್ ಬರೋದೂ ಇಲ್ಲ. ಓಡಿಹೋದ ಅಂದವರಿದ್ದರು. ಎರಡು ಕಪ್ ಕೊಟ್ಟ, ನೆಮ್ಮದಿಯಾಗಿ ಹೋಗಲಿ ಬಿಡಿ ಅಂದವರೂ ಇದ್ದರು. ಅವತ್ತು ನನಗೆ ಅಜ್ಜನಿಗೆ ಫೋನ್ ಮಾಡಬೇಕು ಅನ್ನಿಸಿತು. ನಂಬರ್ ಇರಲಿಲ್ಲ. ಬಾಡಿಗೆಯ ಹಳೇ ಕಾಗದ ಎಲ್ಲ ತೆಗೆದು ಹುಡುಕಿದೆ, ಮಾಲ್ಡನ್ ಮನೆಯ ನಂಬರೇ ಇತ್ತು. 2016ರಲ್ಲಿ ಕಬ್ಸ್ 108 ವರ್ಷದ ಮೇಲೆ ಗೆದ್ದಾಗಲೂ ಮೊದಲು ನೆನಪಾಗಿದ್ದು ಅವರೇ. ಅಷ್ಟು ಹೊತ್ತಿಗೆ ಇದ್ದಿದ್ದರೆ ಎಂಬತ್ತೈದು ಆಗಿರುತ್ತಿತ್ತು.

ಹಾಗಾಗಿ ತಮ್ಮಾ, ಸೋಮವಾರ ಆಫೀಸಿನಲ್ಲಿ ಬ್ಲೂಮ್ ಮಾತು ಬಂದರೆ ಸರಿ ತಪ್ಪು ಹೇಳೋಕೆ ಹೋಗಬೇಡ. "ಒಬ್ಬ ಹೋದರೆ ಇನ್ನೊಬ್ಬ ಬರ್ತಾನೆ" ಅನ್ನಬೇಡ. ಸಾವಿನ ಮನೆಗೆ ಹೋದರೆ ನಾವು ಏನು ಮಾತಾಡ್ತೀವಿ? ಸುಮ್ನೆ ಕೂತು ಬರ್ತೀವಿ ಅಲ್ವಾ? ಹಾಗೆ ಕೂತಿರು. ಬೇಕಾದರೆ ಒಂದು ಕೇಳು, ಫೆನ್‌ವೇಗೆ ಮೊದಲು ಯಾರ ಜೊತೆ ಹೋಗಿದ್ದಿರಿ ಅಂತ. ಆಮೇಲೆ ನೀನು ಏನೂ ಹೇಳಬೇಕಾಗಿಲ್ಲ.

ಮ್ಯಾಚಿಗೆ ಆಗಲ್ಲ ಅನ್ನಬೇಡ. ಹೋಗು. ಗ್ರೀನ್ ಲೈನ್ ರೈಲು, ಕೆನ್‌ಮೋರ್ ಸ್ಟೇಷನ್, ಜನ ನಡೆಯುವ ಕಡೆ ನಡಿ. 1912ರಲ್ಲಿ ಕಟ್ಟಿದ ಮೈದಾನ. ಎಡಗಡೆ 37 ಅಡಿಯ ಹಸಿರು ಗೋಡೆ, ಅದರಲ್ಲಿ ಇವತ್ತಿಗೂ ಸ್ಕೋರು ಕೈಯಲ್ಲೇ ಹಾಕುತ್ತಾರೆ, ಅದನ್ನು ನೋಡು. ಮರದ ಸೀಟು ಸಿಕ್ಕಿದರೆ ಮೊಣಕಾಲು ಮಡಿಸೋಕೆ ಜಾಗ ಇರಲ್ಲ. ಸೆಪ್ಟೆಂಬರ್ ರಾತ್ರಿ ತಣ್ಣಗಿರುತ್ತದೆ, ಸ್ವೆಟರ್ ತಗೋ. ನೀನು ಸಸ್ಯಾಹಾರಿ, ಮನೆಯಲ್ಲಿ ಉಂಡು ಹೋಗು. ಅಲ್ಲಿ ಹುರಿದ ಕಡಲೆಕಾಯಿ ಸಿಗುತ್ತದೆ, ಸಿಪ್ಪೆ ಸಮೇತ. ಸಿಪ್ಪೆ ಎಲ್ಲರೂ ಕಾಲ ಬುಡದಲ್ಲೇ ಹಾಕುತ್ತಾರೆ, ನೀನೂ ಹಾಕು. ಒಂದು ಪೊಟ್ಟಣ ಕೊಂಡು ಮ್ಯಾನೇಜರ್‌ಗೂ ಕೊಡು.

ಸೋಮವಾರ ಗೌರಿ ಗಣೇಶ ಹಬ್ಬ. ಆಫೀಸು ಮುಗಿಸಿ ನಮ್ಮ ಮನೆಗೇ ಬಾ, ಕಡುಬು ಇರುತ್ತದೆ. ಬಾಡಿಗೆ ವಿಷಯ ನಮ್ಮವರ ಹತ್ತಿರ ಕೂತು ಮಾತಾಡುವಿಯಂತೆ.