ಒಂದೇ ಚೀಟಿ ಇಬ್ಬರ ಕೈಗೆ: ಸೆಷನ್ ಐಡಿ ಎಲ್ಲಿ ತಪ್ಪುತ್ತದೆ?

ಪ್ರಶ್ನೆ: ನಾವು ಮೆಣಸಿನಕಾಯಿ, ಖಾರದಪುಡಿಯನ್ನು ನಮ್ಮದೇ ವೆಬ್‌ಸೈಟಿನಲ್ಲಿ ಮಾರುತ್ತೇವೆ. ಸೈಟ್ ಪಿಎಚ್‌ಪಿ ಭಾಷೆಯಲ್ಲಿದೆ, ಅದರ ಮುಂದೆ ಗ್ರಾಹಕರ ಕೋರಿಕೆಯನ್ನು ಮೊದಲು ಪಡೆಯುವ ಎನ್‌ಜಿನ್‌ಎಕ್ಸ್ ಸರ್ವರ್ ಇದೆ. ಪುಟಗಳು ನಿಧಾನ ಎಂದು ಹೋದ ತಿಂಗಳು ಕ್ಯಾಶ್ (ಸಿದ್ಧವಾದ ಪುಟದ ನಕಲು ಇಟ್ಟುಕೊಂಡು ಮತ್ತೆ ಮತ್ತೆ ಕೊಡುವ ವ್ಯವಸ್ಥೆ) ಹಾಕಿಸಿದೆವು. ಈಗ ಕೆಲವರಿಗೆ ಬೇರೆಯವರ ಬುಟ್ಟಿ ಕಾಣಿಸುತ್ತಿದೆ. ಒಮ್ಮೆ ಬೇರೆಯವರ ವಿಳಾಸವೂ ಬಂತು. ಇಬ್ಬರಿಗೆ ಒಂದೇ ಸೆಷನ್ ಐಡಿ (ಸೈಟಿಗೆ ಬಂದ ಒಬ್ಬೊಬ್ಬರನ್ನೂ ಗುರುತಿಸುವ ಸಂಕೇತ) ಹುಟ್ಟುತ್ತಿದೆ ಅನ್ನುತ್ತಾರೆ ನಮ್ಮ ಹುಡುಗರು. ಐಡಿ ಹುಟ್ಟಿಸುವ ಕೋಡನ್ನು ನಾವೇ ಬರೆಯೋಣವೇ? (ಬ್ಯಾಡಗಿಯಿಂದ)

ಉತ್ತರ: ದಯವಿಟ್ಟು ಬರೆಯಬೇಡಿ. ಮೊದಲು ಕ್ಯಾಶ್ ಬಂದ್ ಮಾಡಿ, ಆಮೇಲೆ ಮುಂದೆ ಓದಿ. ಸೈಟ್ ನಾಲ್ಕು ದಿನ ನಿಧಾನವಾದರೂ ಪರವಾಗಿಲ್ಲ. ಗ್ರಾಹಕರ ಮನೆ ವಿಳಾಸ ಇನ್ನೊಬ್ಬರಿಗೆ ಕಾಣಬಾರದು.

ಈಗಿನ ಪಿಎಚ್‌ಪಿಯನ್ನು ತನ್ನಷ್ಟಕ್ಕೆ ಬಿಟ್ಟರೆ 32 ಅಕ್ಷರದ ಐಡಿ ಕೊಡುತ್ತದೆ. ಅಂದರೆ 128 ಬಿಟ್. ಎಷ್ಟು ಬೇರೆ ಬೇರೆ ಐಡಿ ಆಗಬಹುದು ಎಂದು ಲೆಕ್ಕ ಹಾಕಿದರೆ 39 ಅಂಕಿಯ ಸಂಖ್ಯೆ ಬರುತ್ತದೆ. ನಿಮ್ಮ ಅಂಗಡಿಯ ವ್ಯಾಪಾರದಲ್ಲಿ ಅದೇ ಐಡಿ ತಾನಾಗಿ ಎರಡು ಸಲ ಹುಟ್ಟುವುದಿಲ್ಲ. ಹುಟ್ಟಿದ್ದು ಒಂದೇ ಸಲ, ತಲುಪಿದ್ದು ಇಬ್ಬರಿಗೆ. ನಿಮ್ಮ ಊರಿನ ಮಾರುಕಟ್ಟೆಯ ಮಾತಿನಲ್ಲಿ ಹೇಳುತ್ತೇನೆ. ರಾಶಿಗೆ ಲಾಟ್ ನಂಬರ್ ಬರೆದವರು ಸರಿಯಾಗಿಯೇ ಬರೆದಿದ್ದಾರೆ. ಆ ಚೀಟಿಯನ್ನು ಯಾರೋ ಜೆರಾಕ್ಸ್ ಮಾಡಿ, ಬಂದವರಿಗೆಲ್ಲ ಹಂಚಿದ್ದಾರೆ. ಆ ಜೆರಾಕ್ಸ್ ಯಂತ್ರವೇ ನಿಮ್ಮ ಕ್ಯಾಶ್.

ಹೊಸ ಗ್ರಾಹಕ ಬಂದಾಗ ಸರ್ವರ್ 'ಸೆಟ್-ಕುಕಿ' ಎಂಬ ಹೆಡರ್‌ನಲ್ಲಿ, ಅಂದರೆ ಪುಟದ ಜೊತೆ ಹೋಗುವ ಸೂಚನೆಯ ಸಾಲಿನಲ್ಲಿ, ಐಡಿ ಕಳಿಸುತ್ತದೆ. ಬ್ರೌಸರ್ ಅದನ್ನು ಕುಕಿಯಾಗಿ ಇಟ್ಟುಕೊಂಡು ಪ್ರತಿ ಸಲ ವಾಪಸ್ ತೋರಿಸುತ್ತದೆ. ಈ ಹೆಡರ್ ಇರುವ ಉತ್ತರವನ್ನು ಎನ್‌ಜಿನ್‌ಎಕ್ಸ್ ತಾನಾಗಿ ಕ್ಯಾಶ್ ಮಾಡುವುದಿಲ್ಲ. ಪಿಎಚ್‌ಪಿ ಕೂಡ ಸೆಷನ್ ಶುರುವಾದ ಪುಟಕ್ಕೆ 'ಇದನ್ನು ಇಟ್ಟುಕೊಳ್ಳಬೇಡಿ' ಎಂದು ಬರೆದೇ ಕಳಿಸುತ್ತದೆ. ಅದರ ಎಕ್ಸ್‌ಪೈರ್ಸ್ ಹೆಡರ್ ನೋಡಿ, 1981ರ ನವೆಂಬರ್ 19 ಎಂದಿರುತ್ತದೆ. ಎಂದೋ ಹಳಸಿದ ಪುಟ, ಮುಟ್ಟಬೇಡಿ ಎಂದು ಅರ್ಥ. ಇಷ್ಟು ಕಾವಲಿದ್ದೂ ಐಡಿ ಕ್ಯಾಶ್‌ಗೆ ಹೋಗಿದೆ ಅಂದರೆ ಯಾರೋ ಕಾವಲನ್ನು ತೆಗೆದಿದ್ದಾರೆ. ಎನ್‌ಜಿನ್‌ಎಕ್ಸ್ ಕಾನ್ಫಿಗ್‌ನಲ್ಲಿ (ಸೆಟ್ಟಿಂಗ್ ಕಡತದಲ್ಲಿ) 'ಇಗ್ನೋರ್ ಹೆಡರ್ಸ್', ಅಂದರೆ 'ಈ ಹೆಡರ್‌ಗಳನ್ನು ಲೆಕ್ಕಿಸಬೇಡ' ಎಂಬ ಸಾಲು ಹುಡುಕಿ. 'ಕ್ಯಾಶ್-ಕಂಟ್ರೋಲ್, ಎಕ್ಸ್‌ಪೈರ್ಸ್, ಸೆಟ್-ಕುಕಿ' ಮೂರನ್ನೂ ಒಟ್ಟಿಗೆ ಬರೆದ ಸಾಲನ್ನು ಎಲ್ಲಿಂದಲೋ ನಕಲು ಮಾಡಿ ಅಂಟಿಸುವುದು ತೀರಾ ಸಾಮಾನ್ಯ. ಅಂಟಿಸಿದ ಕೂಡಲೇ ಸೈಟ್ ಜೋರಾಗುತ್ತದೆ, ಎಲ್ಲರಿಗೂ ಖುಷಿ. ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ.

ಖಾತ್ರಿ ಮಾಡಿಕೊಳ್ಳುವುದು ಸುಲಭ. ಪರೀಕ್ಷೆಗೆಂದು ಇಟ್ಟ ಬೇರೆ ಸರ್ವರ್‌ನಲ್ಲಿ ಅದೇ ಕಾನ್ಫಿಗ್ ಹಾಕಿ. ಕುಕಿ ಇಲ್ಲದೆ ಕರ್ಲ್‌ನಿಂದ (ಕಮಾಂಡ್ ಕೊಟ್ಟು ಪುಟ ತರಿಸುವ ಉಪಕರಣ) ಒಂದೇ ಪುಟವನ್ನು ಎರಡು ಸಲ ಕೇಳಿ. ಎರಡು ಸಲವೂ ಅದೇ ಐಡಿ ಬಂದರೆ ಕಳ್ಳ ಸಿಕ್ಕಿದ. ಐಡಿ ಬೇರೆ ಬೇರೆ ಇದ್ದೂ ಇನ್ನೊಬ್ಬರ ಬುಟ್ಟಿ ಕಂಡರೆ, ಐಡಿ ಅಲ್ಲ, ಪುಟವೇ ಕ್ಯಾಶ್ ಆಗಿದೆ. ಎರಡಕ್ಕೂ ಮದ್ದು ಒಂದೇ. ಆ ಸಾಲು ತೆಗೆಯಿರಿ. ಸೆಷನ್ ಕುಕಿ ಹೊತ್ತು ಬಂದವರಿಗೆ ಕ್ಯಾಶ್‌ನಿಂದ ಕೊಡುವುದೂ ಬೇಡ, ಅವರ ಪುಟವನ್ನು ಕ್ಯಾಶ್‌ನಲ್ಲಿ ಇಡುವುದೂ ಬೇಡ. ಇವು ಎರಡು ಬೇರೆ ಸೆಟ್ಟಿಂಗ್, ಎರಡೂ ಬೇಕು. ಬುಟ್ಟಿ, ವಿಳಾಸ, ಪಾವತಿ ಪುಟಗಳು ಕ್ಯಾಶ್ ಹತ್ತಿರವೂ ಸುಳಿಯಬಾರದು.

ಇಷ್ಟಕ್ಕೆ ಮುಗಿಯಿತು ಅಂದುಕೊಳ್ಳಬೇಡಿ. ಹಂಚಿಹೋದ ಐಡಿಗಳು ಇನ್ನೂ ಜನರ ಮೊಬೈಲಿನಲ್ಲಿವೆ ಅಲ್ವಾ? ಕ್ಯಾಶ್ ಖಾಲಿ ಮಾಡಿ, ಸರ್ವರ್‌ನಲ್ಲಿರುವ ಸೆಷನ್ ಕಡತಗಳನ್ನೂ ಅಳಿಸಿ. ಎಲ್ಲರ ಬುಟ್ಟಿ ಒಮ್ಮೆ ಖಾಲಿಯಾಗುತ್ತದೆ, ಆಗಲಿ. ಅಳಿಸುವ ಮುಂಚೆ ಪಿಎಚ್‌ಪಿಯ 'ಯೂಸ್ ಸ್ಟ್ರಿಕ್ಟ್ ಮೋಡ್' ಆನ್ ಮಾಡಿ. ಅದು ಮೊದಲಿನಿಂದ ಆಫ್ ಇರುತ್ತದೆ. ಆಫ್ ಇದ್ದರೆ, ಮೊಬೈಲ್ ತಂದ ಹಳೆಯ ಐಡಿಯನ್ನೇ ಪಿಎಚ್‌ಪಿ ಒಪ್ಪಿಕೊಂಡು ಹೊಸ ಸೆಷನ್ ತೆರೆಯುತ್ತದೆ. ಅದೇ ಇಬ್ಬರು ಮತ್ತೆ ಒಂದೇ ಬುಟ್ಟಿಗೆ ಬಂದು ಕೂರುತ್ತಾರೆ. ಲಾಗಿನ್ ಆದ ತಕ್ಷಣ ಐಡಿ ಬದಲಿಸುವುದನ್ನೂ ಕೋಡ್‌ಗೆ ಸೇರಿಸಿ.

ಇನ್ನೊಂದು ಮಾತು. ಯಾರ ವಿಳಾಸ ಬೇರೆಯವರಿಗೆ ಕಂಡಿದೆಯೋ ಅವರಿಗೆ ನೀವೇ ಫೋನ್ ಮಾಡಿ ಹೇಳಿ. ಅವರು ನಿಮ್ಮನ್ನು ನಂಬಿ ವಿಳಾಸ ಕೊಟ್ಟವರು.

ಪ್ರಶ್ನೆ: ಒಂದೇ ಸರ್ವರ್‌ನಲ್ಲಿ ಎರಡು ಟಾಮ್‌ಕ್ಯಾಟ್ (ಜಾವಾ ಆಪ್ ನಡೆಸುವ ತಂತ್ರಾಂಶ) ಇವೆ. ಪೋರ್ಟ್ 8080ರಲ್ಲಿ ಲೆಕ್ಕಪತ್ರ, ಪೋರ್ಟ್ 8081ರಲ್ಲಿ ದಾಸ್ತಾನು. ಒಂದಕ್ಕೆ ಲಾಗಿನ್ ಆದರೆ ಇನ್ನೊಂದರಿಂದ ಹೊರಗೆ ಬೀಳುತ್ತೇವೆ. (ಹುಬ್ಬಳ್ಳಿ ವಿದ್ಯಾನಗರದಿಂದ)

ಉತ್ತರ: ಕುಕಿಗೆ ಮನೆ ಗೊತ್ತು, ಬಾಗಿಲು ಗೊತ್ತಿಲ್ಲ. ಹೋಸ್ಟ್ ಹೆಸರು ಒಂದೇ ಇದ್ದರೆ ಪೋರ್ಟ್ ಬೇರೆಯಿದ್ದರೂ ಬ್ರೌಸರ್ ಅದೇ ಕುಕಿ ಕಳಿಸುತ್ತದೆ. ಕುಕಿಗಳ ನಿಯಮ ಹೇಳುವ 2011ರ ದಾಖಲೆ ಆರ್‌ಎಫ್‌ಸಿ 6265ರಲ್ಲೇ ಇದನ್ನು ಹೇಳಿದ್ದಾರೆ. ನಿಮ್ಮ ಎರಡೂ ಕುಕಿಯ ಹೆಸರು 'ಜೆಸೆಷನ್‌ಐಡಿ'. ಎರಡೂ ಆಪ್ ರೂಟ್‌ನಲ್ಲಿದ್ದರೆ (ವೆಬ್ ವಿಳಾಸದಲ್ಲಿ ಪೋರ್ಟ್ ಆದ ಮೇಲೆ ಬೇರೆ ಹೆಸರಿಲ್ಲದಿದ್ದರೆ) ಪಾತ್ ಕೂಡ ಒಂದೇ. ಹಾಗಾಗಿ ಒಂದರ ಮೇಲೆ ಇನ್ನೊಂದು ಬರೆದುಬಿಡುತ್ತದೆ. ಒಂದು ಆಪ್‌ನ ಕಾಂಟೆಕ್ಸ್ಟ್ ಕಡತದಲ್ಲಿ 'ಸೆಷನ್ ಕುಕಿ ನೇಮ್' ಬದಲಿಸಿದರೆ ಸಾಕು.

ಪ್ರಶ್ನೆ: ನಮ್ಮ ಮುದ್ರಣಾಲಯದ ಸೈಟಿನಲ್ಲಿ ಲಗ್ನಪತ್ರಿಕೆಯ ವಿವರ ತುಂಬುವಾಗ ಜನ ಅರ್ಧಕ್ಕೇ ಹೊರಗೆ ಬೀಳುತ್ತಾರೆ. ಒಬ್ಬರಿಗೆ 25 ನಿಮಿಷಕ್ಕೆ, ಇನ್ನೊಬ್ಬರಿಗೆ 50 ನಿಮಿಷಕ್ಕೆ. ಪಿಎಚ್‌ಪಿ ಕೋಡ್‌ನಲ್ಲಿ ಎರಡು ತಾಸು ಎಂದು ಬರೆದಿದ್ದೇವೆ. ಸರ್ವರ್ ಉಬುಂಟು. (ಗದಗದಿಂದ)

ಉತ್ತರ: ಎರಡೂ ಮನೆಯ ಹಿರಿಯರ ಹೆಸರೆಲ್ಲ ತುಂಬಿದ ಮೇಲೆ ಪುಟ ಖಾಲಿಯಾದರೆ ಎಷ್ಟು ಬೇಜಾರು! ನಿಮ್ಮ ಎರಡು ಅಂಕಿಗಳಲ್ಲೇ ಉತ್ತರವಿದೆ. ಪಿಎಚ್‌ಪಿಯ ಮೂಲ ಮಿತಿ 1440 ಸೆಕೆಂಡ್, ಅಂದರೆ 24 ನಿಮಿಷ. ಉಬುಂಟುವಿನಲ್ಲಿ ಹಳೆಯ ಸೆಷನ್ ಗುಡಿಸುವ ಕೆಲಸ ಅರ್ಧ ತಾಸಿಗೊಮ್ಮೆ ಬೇರೆಯಾಗಿ ನಡೆಯುತ್ತದೆ. ಆ ಗುಡಿಸುವವನು ಪಿಎಚ್‌ಪಿ.ಐಎನ್‌ಐ ಕಡತ ಮಾತ್ರ ಓದುತ್ತಾನೆ. ನಿಮ್ಮ ಕೋಡ್‌ನಲ್ಲಿರುವ ಎರಡು ತಾಸು ಅವನಿಗೆ ಗೊತ್ತೇ ಇಲ್ಲ. 24 ನಿಮಿಷ ದಾಟಿದ ಕೂಡಲೇ ಅವನು ಬಂದರೆ 25ಕ್ಕೆ ಹೋಯಿತು, ತಡವಾಗಿ ಬಂದರೆ 50ಕ್ಕೆ. ಮಿತಿಯನ್ನು ಆ ಕಡತದಲ್ಲೇ ಬದಲಿಸಿ.

ಆದರೂ ನನ್ನ ಆಸೆ ಬೇರೆ. ತುಂಬಿದ್ದನ್ನು ಆಗಾಗ ಡೇಟಾಬೇಸ್‌ಗೆ ಕರಡಾಗಿ ಉಳಿಸಿ. ಸುಮ್ನೆ ಸೆಷನ್ ಅವಧಿ ಜಾಸ್ತಿ ಮಾಡುತ್ತಾ ಹೋದರೆ, ಕರೆಂಟ್ ಹೋದ ದಿನ ಅದೂ ಕೈಕೊಡುತ್ತದೆ.

ಪ್ರಶ್ನೆ: ಅಪಾಚೆ ವೆಬ್ ಸರ್ವರ್‌ನ 'ಮಾಡ್ ಯುನಿಕ್ ಐಡಿ' ಎಂಬ ಮಾಡ್ಯೂಲ್ ಪ್ರತಿ ವಿನಂತಿಗೂ ಬೇರೆ ಐಡಿ ಕೊಡುತ್ತದೆ. ಅದನ್ನೇ ಸೆಷನ್ ಐಡಿ ಮಾಡಿಕೊಳ್ಳಬಹುದೇ? (ಧಾರವಾಡದ ವಿದ್ಯಾರ್ಥಿ)

ಉತ್ತರ: ಬೇಡ. ಆ ಐಡಿಯೊಳಗೆ ಸಮಯ, ಎಣಿಕೆಯ ಸಂಖ್ಯೆಯಂಥ ಭಾಗಗಳಿರುತ್ತವೆ. ಒಂದು ಐಡಿ ಇನ್ನೊಂದರಂತೆ ಇರುವುದಿಲ್ಲ, ನಿಜ. ಆದರೆ ನಿಮ್ಮ ಐಡಿ ನೋಡಿದವರು ಮುಂದಿನವರ ಐಡಿ ಊಹಿಸಲು ಹೊರಡಬಹುದು. ಸೆಷನ್ ಐಡಿ ಅಂದರೆ ಮನೆ ನಂಬರ್ ಅಲ್ಲ, ಬೀಗದ ಕೈ. ಬೇರೆಯಾಗಿದ್ದರೆ ಸಾಲದು, ಊಹೆಗೂ ಸಿಗಬಾರದು.

ಆ ಮಾಡ್ಯೂಲನ್ನು ಲಾಗ್‌ಗೆ ಬಳಸಿ, ಅದಕ್ಕೆ ತುಂಬಾ ಒಳ್ಳೆಯದು. ಆಕ್ಸೆಸ್ ಲಾಗ್‌ನಲ್ಲೂ ನಿಮ್ಮ ಆಪ್‌ನ ಲಾಗ್‌ನಲ್ಲೂ ಅದನ್ನು ಬರೆಸಿ. ದೋಷದ ಪುಟದಲ್ಲೂ ತೋರಿಸಿ. ಯಾರಾದರೂ ಆ ಸಂಖ್ಯೆ ಹೇಳಿ ದೂರು ಕೊಟ್ಟರೆ ಸರಿಯಾದ ಸಾಲು ಕ್ಷಣದಲ್ಲಿ ಸಿಗುತ್ತದೆ. ಸೆಷನ್ ಐಡಿಯನ್ನು ಮಾತ್ರ ಲಾಗ್‌ನಲ್ಲಿ ಹಾಗೇ ಬರೆಯಬೇಡಿ.