ಮೇಷ್ಟ್ರ ಪತ್ರ, ಜೈಲಿನ ಲೆಕ್ಕ

(ದಾವಣಗೆರೆಯ ಪಿ.ಜೆ. ಬಡಾವಣೆಯಿಂದ ನಿವೃತ್ತ ಕಾಮರ್ಸ್ ಮೇಷ್ಟ್ರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಪತ್ರದ ತಿರುಳು ಇಷ್ಟು: "ಜೈಲುಗಳ ಖರ್ಚು ವರ್ಷ ವರ್ಷ ಏರುತ್ತಿದೆ. ಕಳ್ಳಕಾಕರನ್ನು ಕೂರಿಸಿ ಉಣ್ಣಿಸುವುದಕ್ಕೆ ನಮ್ಮ ತೆರಿಗೆ ಯಾಕೆ? ಹಾಕಿದ ದುಡ್ಡಿಗೆ ಏನು ಬಂತು ಅಂತ ಯಾರೂ ಹೇಳುವುದಿಲ್ಲ. ನನ್ನ ಮಗ ಕೆನಡಾದಲ್ಲಿದ್ದಾನೆ. ಅಲ್ಲಿನ ಜೈಲು ಇಲಾಖೆ ಗುರಿ ಇಷ್ಟು, ಮುಟ್ಟಿದ್ದು ಇಷ್ಟು ಎಂದು ಪ್ರತಿ ವರ್ಷ ಸಂಸತ್ತಿಗೆ ವರದಿ ಕೊಡುತ್ತದೆ. ಅವನೇ ಕಳಿಸಿಕೊಟ್ಟ. ನಮ್ಮಲ್ಲಿ ಯಾಕಿಲ್ಲ?")

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಸ್ವಲ್ಪ ಸಿಟ್ಟು ಬಂತು. ಎರಡನೇ ಸಲ ಓದಿದಾಗ, ನೀವು ಕೇಳುತ್ತಿರುವುದು ಜಮಾ-ಖರ್ಚಿನ ಪ್ರಶ್ನೆ ಅಂತ ಹೊಳೆಯಿತು. ಮೂವತ್ತು ವರ್ಷ ಡೆಬಿಟ್ಟು ಕ್ರೆಡಿಟ್ಟು ಕಲಿಸಿದವರು ಇನ್ನೇನು ಕೇಳುತ್ತಾರೆ, ಅಲ್ವಾ? ಹಾಗಾಗಿ ನಾನೂ ಲೆಕ್ಕದಿಂದಲೇ ಶುರು ಮಾಡುತ್ತೇನೆ.

ಮೊದಲಿಗೆ ಒಂದು ತಿದ್ದುಪಡಿ. ನಮ್ಮ ದೇಶಕ್ಕೆ ಒಂದೇ ಜೈಲು ಇಲಾಖೆ ಅಂತ ಇಲ್ಲ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಜೈಲು ರಾಜ್ಯಗಳ ಪಟ್ಟಿಗೆ ಸೇರಿದೆ. ನಿಮ್ಮೂರಿನ ಜೈಲಿಗಾಗಲಿ ಚಿತ್ರದುರ್ಗದ ಜೈಲಿಗಾಗಲಿ ದುಡ್ಡು ಬರುವುದು ಬೆಂಗಳೂರಿನಿಂದ. ಬಜೆಟ್ ಪುಸ್ತಕದಲ್ಲಿ 2056 ಎಂಬ ಲೆಕ್ಕ ಶೀರ್ಷಿಕೆ ಹುಡುಕಿ, ಜೈಲಿನ ಬಾಬ್ತು ಅಲ್ಲಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರ್ಷಕ್ಕೊಮ್ಮೆ ಎಲ್ಲ ರಾಜ್ಯಗಳ ಅಂಕಿ ಕೂಡಿಸಿ ಒಂದು ದಪ್ಪ ವರದಿ ತರುತ್ತದೆ. ಹಾಗಾಗಿ "ಯಾರೂ ಹೇಳುವುದಿಲ್ಲ" ಎನ್ನುವುದು ಪೂರ್ತಿ ಸರಿಯಲ್ಲ. ಹೇಳುತ್ತಾರೆ, ಬಹಳ ಹೇಳುತ್ತಾರೆ. ಹೇಳುವ ರೀತಿಯಲ್ಲೇ ತೊಂದರೆ ಇರುವುದು.

2019-20ರ ಲೆಕ್ಕ ನೋಡೋಣ. ಹಳೆಯದಲ್ಲವೇ ಎನ್ನಬೇಡಿ. ಕೋವಿಡ್ ಸಮಯದಲ್ಲಿ ಎಷ್ಟೋ ಬಂದಿಗಳನ್ನು ಪೆರೋಲ್ ಮೇಲೆ, ಜಾಮೀನಿನ ಮೇಲೆ ಹೊರಗೆ ಬಿಟ್ಟರು. ಅದು ಶುರುವಾಗುವ ಮುಂಚಿನ ಲೆಕ್ಕ ತಿಳಿಯಾಗಿದೆ. ಆ ವರ್ಷ ದೇಶದ ಎಲ್ಲ ಜೈಲುಗಳಿಗೆ ಮಂಜೂರಾದದ್ದು 6,818 ಕೋಟಿ ರೂಪಾಯಿ. ಖರ್ಚಾದದ್ದು 5,958 ಕೋಟಿ. ಅದರಲ್ಲಿ ಬಂದಿಗಳ ಮೇಲೆ ನೇರವಾಗಿ ಆದ ಖರ್ಚು 2,061 ಕೋಟಿ, ಅಂದರೆ ನೂರಕ್ಕೆ ಮೂವತ್ತೈದೂ ಇಲ್ಲ. ಉಳಿದದ್ದರಲ್ಲಿ ದೊಡ್ಡ ಪಾಲು ಸಂಬಳ, ಆಡಳಿತದ್ದು.

ಈಗ ನಿಮ್ಮ "ಕೂರಿಸಿ ಉಣ್ಣಿಸುವ" ಬಾಬ್ತು. ಊಟಕ್ಕೆ 986 ಕೋಟಿ. ಆ ವರ್ಷದ ಕೊನೆಗೆ ಒಳಗಿದ್ದವರು 4,78,600 ಜನ. ಭಾಗಿಸಿ ನೋಡಿ: ತಲೆಗೆ ದಿನಕ್ಕೆ 56 ರೂಪಾಯಿ. ಬೆಳಗಿನ ತಿಂಡಿ, ಎರಡು ಹೊತ್ತಿನ ಊಟ, ಚಹಾ ಎಲ್ಲ ಸೇರಿ. ಆ ದುಡ್ಡಿಗೆ ನಿಮ್ಮೂರಲ್ಲಿ ಒಂದು ಬೆಣ್ಣೆದೋಸೆ ತಿಂದು ಕಾಫಿ ಕುಡಿದು ಎದ್ದು ಬರಬಹುದೇನೋ. ಔಷಧಿ, ಚಿಕಿತ್ಸೆಗೆ 89 ಕೋಟಿ, ತಲೆಗೆ ದಿನಕ್ಕೆ 5 ರೂಪಾಯಿ ಚಿಲ್ಲರೆ. ಓದು ಬರಹ, ಕಸುಬಿನ ತರಬೇತಿ ಎರಡಕ್ಕೂ ಸೇರಿ 24 ಕೋಟಿ. ತಲೆಗೆ ದಿನಕ್ಕೆ ಒಂದೂವರೆ ರೂಪಾಯಿಯೂ ಇಲ್ಲ!

(ಜನರ ಸಂಖ್ಯೆ ಡಿಸೆಂಬರ್ ಕೊನೆಯ ದಿನದ್ದು, ಖರ್ಚು ಮಾರ್ಚ್‌ವರೆಗಿನದು. ಎರಡು ಬೇರೆ ಬೇರೆ ತಾರೀಕುಗಳನ್ನು ಸೇರಿಸಿ ಭಾಗಿಸಿದ್ದೀರಿ ಅಂತ ನೀವು ಕೆಂಪು ಶಾಯಿ ಹಚ್ಚುತ್ತೀರಿ, ಗೊತ್ತು. ಅಂದಾಜಿಗೆ ಸಾಕು, ಬಿಡಿ.)

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು. ಊಟ, ಔಷಧಿ, ಬಟ್ಟೆ, ತರಬೇತಿ, ಕಲ್ಯಾಣ ಕಾರ್ಯಕ್ರಮ ಎಲ್ಲ ಕೂಡಿದರೂ 1,143 ಕೋಟಿ ಆಗುತ್ತದೆ. ಬಂದಿಗಳ ಮೇಲೆ ಆದ ಖರ್ಚು 2,061 ಕೋಟಿ ಎಂದಿದ್ದಾರಲ್ಲ, ಉಳಿದ 918 ಕೋಟಿ ಎಲ್ಲಿ? ಅದು "ಇತರೆ". ನೂರರಲ್ಲಿ ನಲವತ್ತನಾಲ್ಕು ರೂಪಾಯಿ ಇತರೆ! ನಿಮ್ಮ ವಿದ್ಯಾರ್ಥಿ ಹೀಗೆ ಲೆಕ್ಕ ಬರೆದು ತಂದಿದ್ದರೆ ನೋಟ್‌ಬುಕ್ ಕಿಟಕಿಯಿಂದ ಆಚೆ ಹೋಗುತ್ತಿತ್ತು. ಇದರಲ್ಲಿ ಕಳ್ಳತನ ಇದೆ ಅಂತ ನಾನು ಹೇಳುತ್ತಿಲ್ಲ. ಕರೆಂಟು, ನೀರು, ಸಾಗಾಟ ಏನೇನೋ ಇರಬಹುದು. ಆದರೆ ಹೆಚ್ಚುಕಡಿಮೆ ಅರ್ಧ ಮೊತ್ತ "ಇತರೆ"ಗೆ ಹೋದರೆ ಆ ವರದಿ ಓದಿದವನಿಗೆ ತಿಳಿಯುವುದೇನು?

ನಮ್ಮಲ್ಲಿ ಪ್ರಗತಿ ಎಂಬ ಮಾತಿಗೇ ಅರ್ಥ ಬದಲಾಗಿದೆ. ಕೆಡಿಪಿ ಸಭೆಗಳಿಗೆ, ಅಂದರೆ ಸರ್ಕಾರಿ ಇಲಾಖೆಗಳ ಪ್ರಗತಿ ಪರಿಶೀಲನಾ ಸಭೆಗಳಿಗೆ, ವರದಿಗಾರನಾಗಿ ವರ್ಷಗಟ್ಟಲೆ ಹೋಗಿ ಕೂತವನು ನಾನು. "ನಿಮ್ಮ ಇಲಾಖೆ ಪ್ರಗತಿ ಎಷ್ಟ್ರೀ?" ಅಂತ ಕೇಳುತ್ತಾರೆ. ಅಧಿಕಾರಿ ಎದ್ದು ನಿಂತು "ಎಂಬತ್ತೇಳು ಪರ್ಸೆಂಟ್ ಸರ್" ಎನ್ನುತ್ತಾರೆ. ಬಿಡುಗಡೆಯಾದ ದುಡ್ಡಿನಲ್ಲಿ ಅಷ್ಟು ಖರ್ಚಾಗಿದೆ ಅಂತ ಅದರರ್ಥ. ಸಭೆ ಮುಂದಕ್ಕೆ ಹೋಗುತ್ತದೆ. ಖರ್ಚು ಮಾಡಿದ್ದೇ ಸಾಧನೆ ಆದ ಮೇಲೆ ಮಾರ್ಚ್ ತಿಂಗಳಲ್ಲಿ ಖಜಾನೆ ಮುಂದೆ ಬಿಲ್ಲುಗಳ ಜಾತ್ರೆ ಸೇರದೆ ಇನ್ನೇನಾಗುತ್ತದೆ?

ಇನ್ನು ನಿಮ್ಮ ಮಗ ಕಳಿಸಿದ ಕೆನಡಾದ ವರದಿ. ಅದು ಒಳ್ಳೆಯ ಪದ್ಧತಿಯೇ. ವರ್ಷ ಶುರುವಾಗುವ ಮುಂಚೆ ಒಂದು ಯೋಜನೆ, ಮುಗಿದ ಮೇಲೆ ಒಂದು ಫಲಿತಾಂಶದ ವರದಿ, ಎರಡೂ ಅಲ್ಲಿನ ಸಂಸತ್ತಿನ ಮುಂದೆ ಬರುತ್ತವೆ. ಒಂದೊಂದು ಸಾಲಿಗೂ ಗುರಿ ಎಷ್ಟು, ಹಿಂದಿನ ವರ್ಷಗಳಲ್ಲಿ ಎಷ್ಟಾಗಿತ್ತು, ಈ ಸಲ ಎಷ್ಟಾಯಿತು ಅಂತ ಅಕ್ಕಪಕ್ಕದಲ್ಲೇ ಕೊಡುತ್ತಾರೆ. ಹೊರಗೆ ಹೋದವರಲ್ಲಿ ಎಷ್ಟು ಜನ ಮತ್ತೆ ಒಳಗೆ ಬಂದರು ಎಂಬುದನ್ನೂ ಲೆಕ್ಕ ಇಡುತ್ತಾರೆ. ಇದನ್ನು ನಾವು ಕಲಿಯಬೇಕು, ಒಪ್ಪಿದೆ.

ಆದರೆ ಆ ವರದಿಯ ಮೊದಲ ಪುಟಗಳಲ್ಲೇ ಒಂದು ಮಾತಿದೆ. ನೀವು ಅದನ್ನು ದಾಟಿ ಹೋಗಿದ್ದೀರಿ. ಆ ಇಲಾಖೆ ನೋಡಿಕೊಳ್ಳುವುದು ಎರಡು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆಯಾದವರನ್ನು ಮಾತ್ರ. ಕೇಸು ಮುಗಿಯದೆ ಕಾಯುತ್ತಿರುವವರು ಅಲ್ಲಿ ಪ್ರಾಂತ್ಯಗಳ ಜೈಲಿನಲ್ಲಿರುತ್ತಾರೆ. ಆ ಜೈಲುಗಳಲ್ಲಿ ಶಿಕ್ಷೆಯಾದವರಿಗಿಂತ ಕಾಯುವವರೇ ಜಾಸ್ತಿ. ನಿಮ್ಮ ಕೈಯಲ್ಲಿರುವ ಚೆಂದದ ವರದಿಯಲ್ಲಿ ಅವರ ಲೆಕ್ಕವೇ ಇಲ್ಲ. ಖರ್ಚೂ ಕಡಿಮೆಯೇನಲ್ಲ. ಅಲ್ಲಿನ ಸಂಸತ್ತಿನ ಬಜೆಟ್ ಅಧಿಕಾರಿಯೇ ಹಾಕಿದ ಲೆಕ್ಕದ ಪ್ರಕಾರ 2016-17ರಲ್ಲಿ ಒಬ್ಬ ಕೈದಿಗೆ ದಿನಕ್ಕೆ 314 ಕೆನಡಾ ಡಾಲರ್. ಇಷ್ಟೆಲ್ಲ ವರದಿ ಬರೆದರೂ, ಜನಸಂಖ್ಯೆಯಲ್ಲಿ ನೂರಕ್ಕೆ ಐದರಷ್ಟಿರುವ ಅಲ್ಲಿನ ಮೂಲನಿವಾಸಿಗಳು ಆ ಇಲಾಖೆಯ ಜೈಲುಗಳಲ್ಲಿ ನೂರಕ್ಕೆ ಮೂವತ್ತಕ್ಕಿಂತ ಜಾಸ್ತಿ ಇದ್ದಾರೆ.

ನಮ್ಮ ಕಡೆ ಬನ್ನಿ. 2022ರ ಕೊನೆಗೆ ದೇಶದ 1,330 ಜೈಲುಗಳಲ್ಲಿ ಜಾಗ ಇದ್ದದ್ದು 4,36,266 ಜನರಿಗೆ. ಇದ್ದವರು 5,73,220. ಅದರಲ್ಲಿ ವಿಚಾರಣಾಧೀನರು 4,34,302, ನೂರಕ್ಕೆ ಎಪ್ಪತ್ತಾರು. ಒಮ್ಮೆ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಇದ್ದ ಜಾಗವನ್ನು ಹೆಚ್ಚುಕಡಿಮೆ ಪೂರ್ತಿ ತುಂಬುವಷ್ಟು ಜನ ಇನ್ನೂ ತೀರ್ಪು ಬರದವರೇ. ನೀವು "ಕಳ್ಳಕಾಕರು" ಎಂದಿರಲ್ಲ, ನಾಲ್ವರಲ್ಲಿ ಮೂವರನ್ನು ಕಾನೂನು ಇನ್ನೂ ಹಾಗೆ ಕರೆದಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಭಾಗದ ಒಂದು ಜೈಲಿಗೆ ಹೋಗಿದ್ದೆ. ಯಾವುದು ಅನ್ನುವುದು ಬೇಡ. ವಕೀಲ ಗೆಳೆಯರೊಬ್ಬರು ಅಲ್ಲಿನ ಲೈಬ್ರರಿಗೆ ಹಳೆಯ ಪುಸ್ತಕ ಕೊಡುವವರಿದ್ದರು, ಹೊರೆ ಹೊರಲು ಇನ್ನೊಬ್ಬ ಬೇಕಿತ್ತು. ಗೇಟು ದಾಟಿದ ಕೂಡಲೇ ಗೋಡೆಗೆ ಒಂದು ಕಪ್ಪು ಹಲಗೆ. ಮೇಲಿನ ಸಾಲು "ಸಾಮರ್ಥ್ಯ", ಅದರ ಮುಂದಿನ ಅಂಕಿ ಬಿಳಿ ಪೇಂಟಿನಲ್ಲಿ ಬರೆದದ್ದು. ಕೆಳಗೆ ವಿಚಾರಣಾಧೀನ, ಸಜಾ, ಒಟ್ಟು. ಇವು ಸೀಮೆಸುಣ್ಣದಲ್ಲಿ. ವಿಚಾರಣಾಧೀನ ಎನ್ನುವ ಸಾಲಿನ ಮುಂದೆ ಒರೆಸಿ ಒರೆಸಿ ಹಲಗೆಯ ಕಪ್ಪೇ ಹೋಗಿ ಬೂದಿ ಬಣ್ಣ ಬಂದಿತ್ತು. ಸಜಾ ಎಂಬಲ್ಲಿ ಕಪ್ಪು ಹಾಗೇ ಇತ್ತು, ಆ ಅಂಕಿ ದಿನಾ ಬದಲಾಗುವುದಿಲ್ಲ. ನಾವು ನಿಂತಿದ್ದಾಗಲೇ ಒಬ್ಬ ವಾರ್ಡರ್ ಬಂದು ಹೆಬ್ಬೆರಳಿನಿಂದ ಕೊನೆಯ ಅಂಕಿ ಒರೆಸಿ ಒಂದು ಜಾಸ್ತಿ ಮಾಡಿ ಹೋದರು.

ಪುಸ್ತಕ ಜೋಡಿಸಲು ಒಬ್ಬ ಹುಡುಗನನ್ನು ಕೊಟ್ಟಿದ್ದರು. ಇಪ್ಪತ್ತೆರಡು, ಇಪ್ಪತ್ಮೂರು ಇರಬಹುದು. ಯಾವುದೋ ಬೈಕ್ ಕಳವಿನ ಕೇಸು. ಯಾವಾಗ ಬಿಡ್ತಾರಪ್ಪ ಅಂದೆ. "ಬೇಲ್ ಆಗೇತಿ ಸರ್, ಮೂರು ವಾರ ಆತು. ಪಹಣಿ ಕೊಡೋರು ಯಾರೂ ಇಲ್ಲ" ಅಂದ. ಜಾಮೀನು ಸಿಕ್ಕಿದೆ, ಶ್ಯೂರಿಟಿ ಸಿಕ್ಕಿಲ್ಲ. ಯಾರಾದರೂ ಜಮೀನಿನ ಪಹಣಿ ಹಿಡಿದುಕೊಂಡು ಕೋರ್ಟಿಗೆ ಬರಬೇಕು. ಅವನ ಅಪ್ಪ ಹಮಾಲಿ, ಹೆಸರಿಗೆ ಒಂದು ಗುಂಟೆ ನೆಲವೂ ಇಲ್ಲ.

ಈಗ ನಿಮ್ಮ ಪ್ರಶ್ನೆ ಮತ್ತೆ ಕೇಳಿಕೊಳ್ಳಿ. ಆ ಮೂರು ವಾರದ ಖರ್ಚು ಯಾರ ಲೆಕ್ಕಕ್ಕೆ? 2019-20ರ ಒಟ್ಟು ಖರ್ಚನ್ನು ತಲೆಗೂ ದಿನಕ್ಕೂ ಹಂಚಿದರೆ 341 ರೂಪಾಯಿ ಬರುತ್ತದೆ. ಜೈಲು ಇಲಾಖೆ ಅದನ್ನು ತನ್ನ 2056ರಲ್ಲಿ ಬರೆದುಕೊಳ್ಳುತ್ತದೆ. ಆದರೆ ಆ ಹುಡುಗನನ್ನು ಒಳಗೆ ಕಳಿಸಿದ್ದು ಅವರಲ್ಲ. ಹೊರಗೆ ಬಿಡುವುದೂ ಅವರ ಕೈಯಲ್ಲಿಲ್ಲ. ಚಾರ್ಜ್‌ಶೀಟ್ ತಡವಾದರೆ, ಸಾಕ್ಷಿ ಬರದಿದ್ದರೆ, ಎಸ್ಕಾರ್ಟ್ ಪೊಲೀಸರು ಸಿಗದೆ ಬಂದಿಯನ್ನು ಕೋರ್ಟಿಗೆ ಕರೆದೊಯ್ಯದಿದ್ದರೆ, ವಕೀಲರು ವಾಯಿದೆ ಕೇಳಿದರೆ, ಒಂದೊಂದಕ್ಕೂ ಬಿಲ್ಲು ಬರುವುದು ಜೈಲಿನ ಅಡುಗೆಮನೆಗೆ. ಊಟಕ್ಕೆ ಎಷ್ಟಾಯಿತು ಅಂತ ಕೇಳುವುದನ್ನು ಬಿಟ್ಟು ಸುಮ್ನೆ ಎಷ್ಟು ದಿನ ಕೂತರು ಅಂತ ಕೇಳಿದರೆ ಲೆಕ್ಕ ಬೇರೆಯೇ ಬರುತ್ತದೆ ಅಂತ ನನಗನಿಸುವುದು ಇದಕ್ಕೇ.

ಸರ್ಕಾರಕ್ಕೆ ಇದು ಗೊತ್ತಿಲ್ಲ ಅಂತಲ್ಲ. ಬಡ ಬಂದಿಗಳ ನೆರವಿಗೆ ಅಂತ ಕೇಂದ್ರ 2023ರಲ್ಲಿ ಒಂದು ಯೋಜನೆ ತಂದಿತು, ವರ್ಷಕ್ಕೆ 20 ಕೋಟಿ. ಶುರುವಿನಲ್ಲಿ ಇಟ್ಟ ಮಿತಿಯಂತೆ, ಜಾಮೀನಿಗೆ ದುಡ್ಡು ಕಟ್ಟಲಾಗದ ವಿಚಾರಣಾಧೀನರಿಗೆ 40,000 ರೂಪಾಯಿವರೆಗೆ, ದಂಡ ಕಟ್ಟಲಾಗದ ಸಜಾ ಬಂದಿಗಳಿಗೆ 25,000ದವರೆಗೆ ನೆರವು. ಜಿಲ್ಲಾ ಮಟ್ಟದ ಸಮಿತಿ ತೀರ್ಮಾನ ಮಾಡಬೇಕು. 40,000 ಜಾಸ್ತಿಯಾಯಿತು ಎನ್ನುತ್ತೀರಾ? ದಿನಕ್ಕೆ 341ರಂತೆ 117 ದಿನ ಒಳಗಿಟ್ಟರೆ ಅಷ್ಟೇ ದುಡ್ಡು ಮುಗಿಯುತ್ತದೆ. ಅದೂ 2019-20ರ ರೇಟಿನಲ್ಲಿ.

ಹಾಗಂತ ಎಲ್ಲವನ್ನೂ ಕೋರ್ಟು, ಪೊಲೀಸರ ತಲೆಗೆ ಕಟ್ಟಿ ಜೈಲಿನವರನ್ನು ಬಿಟ್ಟುಬಿಡಲೂ ಆಗುವುದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮು ನೋಡಿ. ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗದವನು, ಈಗಿನ ಕೇಸಿನ ಅಪರಾಧಕ್ಕೆ ಇರುವ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೇ ಕಳೆದಿದ್ದರೆ ಅವನನ್ನು ಬಾಂಡ್ ಮೇಲೆ ಬಿಡಬೇಕು. ಬೇರೆಯವರಿಗೆ ಅರ್ಧ. ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ ಇದು ಅನ್ವಯಿಸುವುದಿಲ್ಲ. ಹಲವು ಕೇಸು ಬಾಕಿ ಇದ್ದವರಿಗೂ ಇಲ್ಲ. ಅವಧಿ ಮುಗಿದ ಕೂಡಲೇ ಕೋರ್ಟಿಗೆ ಅರ್ಜಿ ಬರೆಯುವ ಹೊಣೆಯನ್ನು ಕಾನೂನು ಜೈಲು ಸೂಪರಿಂಟೆಂಡೆಂಟ್ ಮೇಲೇ ಹಾಕಿದೆ. ಇದಕ್ಕೆ ಬಜೆಟ್ ಬೇಡ, ಟೆಂಡರ್ ಬೇಡ. ಒಂದು ರಿಜಿಸ್ಟರ್, ಒಂದು ಕ್ಯಾಲೆಂಡರ್ ಸಾಕು. ಜೈಲಿನ ಕೆಲಸ ಹೇಗೆ ನಡೆದಿದೆ ಅಂತ ಅಳೆಯಲು ನನಗೆ ಕಂಡಂತೆ ಇದಕ್ಕಿಂತ ಸಲೀಸಾದ ಅಳತೆ ಇಲ್ಲ.

ಇನ್ನು ನೀವು ಮಾಡಬಹುದಾದ್ದು. ನಾಲ್ಕು ಪುಟದ ಪತ್ರ ನನಗೆ ಬರೆದಿರಿ. ಅದರ ಬದಲು ಅರ್ಧ ಪುಟದ ಮಾಹಿತಿ ಹಕ್ಕಿನ ಅರ್ಜಿ ಬರೆಯಿರಿ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವಂತಿಲ್ಲ. ಆ ನಿಯಮ ನನಗೇನೂ ಇಷ್ಟವಿಲ್ಲ, ಆದರೆ ನಿಮ್ಮ ಬರವಣಿಗೆ ನೋಡಿದ ಮೇಲೆ ಒಂದೊಂದು ಸಲ ಒಳ್ಳೆಯದೇ ಅನ್ನಿಸಿತು, ತಪ್ಪು ತಿಳಿಯಬೇಡಿ.

ಮೂರೇ ಪ್ರಶ್ನೆ ಸಾಕು. ಕಳೆದ ವರ್ಷ ಈ ಜೈಲಿನಲ್ಲಿ 479ರ ಅವಧಿ ಮುಗಿಸಿದ ವಿಚಾರಣಾಧೀನರು ಎಷ್ಟು? ಅವರಲ್ಲಿ ಎಷ್ಟು ಜನರ ಪರವಾಗಿ ಸೂಪರಿಂಟೆಂಡೆಂಟ್ ಅರ್ಜಿ ಬರೆದರು, ಎಷ್ಟು ಜನ ಹೊರಗೆ ಹೋದರು? ಜಾಮೀನು ಆದೇಶವಾಗಿ ಒಂದು ವಾರ ಕಳೆದರೂ ಒಳಗೇ ಉಳಿದವರು ಎಷ್ಟು? ಯಾರ ಹೆಸರೂ ಕೇಳಬೇಡಿ, ಬರೀ ಸಂಖ್ಯೆ ಕೇಳಿ. ಹೆಸರು ಕೇಳಿದರೆ ಖಾಸಗಿ ಮಾಹಿತಿ ಅಂತ ಅರ್ಜಿ ವಾಪಸ್ ಬರುತ್ತದೆ. ಬಜೆಟ್ ಎಷ್ಟು, ಖರ್ಚು ಎಷ್ಟು ಎನ್ನುವುದನ್ನಂತೂ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮಿನ ಪ್ರಕಾರ ಕಚೇರಿಗಳು ಯಾರೂ ಕೇಳುವ ಮುಂಚೆಯೇ ಪ್ರಕಟಿಸಿರಬೇಕು. ಅದಕ್ಕಾಗಿ ಬೇರೆ ಪೋಸ್ಟಲ್ ಆರ್ಡರ್ ಖರ್ಚು ಮಾಡಬೇಡಿ, ಹೋಗಿ ತೋರಿಸಿ ಎನ್ನಿ.

ಉತ್ತರಕ್ಕೆ ಮೂವತ್ತು ದಿನದ ಗಡುವು ಇದೆ. ಚಿತ್ರದುರ್ಗದ ಜೈಲಿಗೆ ನಾನು ಬರೆಯುತ್ತೇನೆ, ದಾವಣಗೆರೆಯದು ನಿಮ್ಮ ಪಾಲಿಗೆ. ನಿಮ್ಮದು ಮೊದಲು ಬಂದರೆ ಒಂದು ಜೆರಾಕ್ಸ್ ಪ್ರತಿ ಕಚೇರಿಗೆ ಕಳಿಸಿ. ಎರಡನ್ನೂ ಅಕ್ಕಪಕ್ಕ ಇಟ್ಟು ಅಚ್ಚು ಹಾಕೋಣ.

ಇಂತಿ,
ಸಂಪಾದಕ