ಕೋಡ್ ಎಲ್ಲರದ್ದು, ಹೆಸರು ಯಾರದ್ದು?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಗೆಳೆಯರ ವಾದದಲ್ಲಿ ಹುಟ್ಟಿದವು. 'ಯಾರು ಸರಿ ಅಂತ ನೀವೇ ಹೇಳಿಬಿಡಿ' ಎಂದು ಬರೆದವರೇ ಜಾಸ್ತಿ. ಇಂಥ ಪಂಚಾಯ್ತಿಗೆ ಕೂತರೆ ಒಬ್ಬರಿಗಾದರೂ ಸಿಟ್ಟು ಬರುವುದು ಖಾತ್ರಿ. ಆದರೂ ಅಡ್ಡಗೋಡೆ ಮೇಲೆ ದೀಪ ಇಡದೆ ಉತ್ತರಿಸಲು ನೋಡಿದ್ದೇನೆ.

ಪ್ರಶ್ನೆ: ಒಂದು ಓಪನ್ ಸೋರ್ಸ್ (ಕೋಡನ್ನು ಯಾರು ಬೇಕಾದರೂ ನೋಡಿ, ತಿದ್ದಿ, ಹಂಚಬಹುದಾದ) ಪ್ರೋಗ್ರಾಮನ್ನು ನಾನೂ ನನ್ನ ಗೆಳೆಯನೂ ಒಂದಿಷ್ಟು ತಿದ್ದಿದ್ದೇವೆ. ಅದನ್ನು ಹಳೆಯ ಹೆಸರು, ಹಳೆಯ ಲೋಗೋ ಇಟ್ಟುಕೊಂಡೇ ಹಂಚೋಣ ಅನ್ನುತ್ತಾನೆ ಅವನು. 'ಲೈಸೆನ್ಸೇ ಎಲ್ಲ ಹಕ್ಕು ಕೊಟ್ಟಿದೆ. ಹೆಸರಿಗೆ ತಕರಾರು ತೆಗೆದರೆ ಅದು ಓಪನ್ ಸೋರ್ಸೇ ಅಲ್ಲ' ಎಂಬುದು ಅವನ ವಾದ. ಸರೀನಾ?

ಕೋಡಿನ ಮಟ್ಟಿಗೆ ಸರಿ, ಹೆಸರಿನ ಮಟ್ಟಿಗೆ ತಪ್ಪು.

ಓಪನ್ ಸೋರ್ಸ್ ಲೈಸೆನ್ಸ್ ಮಾತಾಡುವುದು ಮುಖ್ಯವಾಗಿ ಕಾಪಿರೈಟ್ ಬಗ್ಗೆ. ಅಂದರೆ ಬರೆದ ಕೋಡನ್ನು ನಕಲು ಮಾಡುವ, ತಿದ್ದುವ, ಹಂಚುವ ಹಕ್ಕು. ಹೆಸರು ಮತ್ತು ಲೋಗೋ ಟ್ರೇಡ್‌ಮಾರ್ಕ್ ಕೆಳಗೆ ಬರುತ್ತವೆ. ಅದು ಬೇರೆಯೇ ಕಾನೂನು. ಅಪಾಚೆ 2.0 ಲೈಸೆನ್ಸ್ ತೆಗೆದು ಓದಿ. ಹೆಸರಿನ ಹಕ್ಕು ಕೊಡುತ್ತಿಲ್ಲ ಎಂದು ಅದರಲ್ಲೇ ಬರೆದಿದೆ. ಎಂಐಟಿ ಲೈಸೆನ್ಸ್ ಈ ಬಗ್ಗೆ ಸುಮ್ಮನಿದೆ. ಸುಮ್ಮನಿದೆ ಅಂದ ಮಾತ್ರಕ್ಕೆ ಹೆಸರನ್ನೂ ಕೊಟ್ಟಿತು ಅಂತ ಅಲ್ಲ.

ಹೀಗೇಕೆ ಅಂದರೆ, ಹೆಸರು ನೋಡಿ ಜನ ನಂಬುತ್ತಾರೆ. ನೀವು ತಿದ್ದಿದ ಪ್ರೋಗ್ರಾಮ್ ಯಾರದೋ ಫೈಲ್ ಅಳಿಸಿಹಾಕಿತು ಅಂದುಕೊಳ್ಳಿ. ಬೈಗುಳ ಹೋಗುವುದು ಮೂಲ ಪ್ರಾಜೆಕ್ಟಿನವರಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಈ ಜಗಳ ಹಳೆಯದು. ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಮ್ ಹಂಚುವ ಡೆಬಿಯನ್ ತಂಡಕ್ಕೂ ಫೈರ್‌ಫಾಕ್ಸ್ ಬ್ರೌಸರಿನ ಒಡೆಯರಾದ ಮೊಜಿಲ್ಲಾಗೂ 2006ರಲ್ಲಿ ಇದೇ ತಿಕ್ಕಾಟ ನಡೆಯಿತು. ಫೈರ್‌ಫಾಕ್ಸ್ ಕೋಡ್ ಮುಕ್ತವಾಗಿತ್ತು, ಆದರೆ ಅದರ ಲೋಗೋ ಮುಕ್ತವಾಗಿರಲಿಲ್ಲ. ಹಾಗಾಗಿ ಡೆಬಿಯನ್ ಲೋಗೋ ತೆಗೆದು ಹೆಸರು ಮಾತ್ರ ಉಳಿಸಿಕೊಂಡಿತ್ತು. ಮೊಜಿಲ್ಲಾ ಒಪ್ಪಲಿಲ್ಲ. ಹೆಸರು ಬೇಕಾದರೆ ಲೋಗೋವನ್ನೂ ಹಾಕಿ, ನೀವು ಮಾಡುವ ತಿದ್ದುಪಡಿ ನಮಗೆ ತೋರಿಸಿ ಎಂದಿತು. ಡೆಬಿಯನ್ ಅದೇ ಬ್ರೌಸರಿಗೆ 'ಐಸ್‌ವೀಸಲ್' ಎಂದು ಹೆಸರಿಟ್ಟು ಹಂಚಿತು. ಬೆಂಕಿಗೆ ಮಂಜು, ನರಿಗೆ ವೀಸಲ್ ಎಂಬ ಮುಂಗುಸಿಯಂಥ ಪ್ರಾಣಿ. ಹೆಸರಲ್ಲೇ ಕೊಂಕು. ಹತ್ತು ವರ್ಷ ಹೀಗೇ ನಡೆದು, 2016ರಲ್ಲಿ ರಾಜಿಯಾಗಿ ಹಳೆಯ ಹೆಸರು ವಾಪಸ್ ಬಂತು.

ಆಗ ನಾನು ಪೂರ್ತಿ ಡೆಬಿಯನ್ ಕಡೆ. ಈಗ ಮೊಜಿಲ್ಲಾ ಹೇಳಿದ್ದೂ ಅರ್ಥವಾಗುತ್ತದೆ. ಹೆಸರುವಾಸಿ ಪ್ರೋಗ್ರಾಮಿನೊಳಗೆ ಕೆಟ್ಟ ಕೋಡ್ ತುರುಕಿ ಅದೇ ಹೆಸರಲ್ಲಿ ಹಂಚುವವರಿದ್ದಾರೆ. ಅವರನ್ನು ತಡೆಯಲು ಕಾಪಿರೈಟ್ ನೆರವಿಗೆ ಬರುವುದಿಲ್ಲ, ಏಕೆಂದರೆ ಕೋಡ್ ಹಂಚಲು ಅನುಮತಿ ಕೊಟ್ಟಾಗಿದೆ. ಕೈಯಲ್ಲಿ ಉಳಿಯುವುದು ಹೆಸರೊಂದೇ.

ಇನ್ನೊಂದು ಕಥೆ ಇದಕ್ಕಿಂತ ಕಹಿ. ನೆಟ್‌ವರ್ಕ್ ಕೆಲಸದವರೆಲ್ಲ ಬಳಸುವ ವೈರ್‌ಶಾರ್ಕ್ ಮೊದಲು 'ಈಥೀರಿಯಲ್' ಆಗಿತ್ತು. ಅದನ್ನು ಶುರು ಮಾಡಿದ್ದು ಜೆರಾಲ್ಡ್ ಕೋಂಬ್ಸ್. 2006ರಲ್ಲಿ ಅವರು ಕೆಲಸ ಬದಲಿಸಿದರು. ಕೋಡ್ ಜೊತೆಗೆ ಬಂತು, ಹೆಸರು ಬರಲಿಲ್ಲ. ಆ ಟ್ರೇಡ್‌ಮಾರ್ಕ್ ಹಳೆಯ ಕಂಪನಿಯ ಬಳಿ ಇತ್ತು. ಹೆತ್ತ ಮಗುವಿಗೆ ಮತ್ತೆ ನಾಮಕರಣ ಮಾಡಬೇಕಾಯಿತು! ಇವತ್ತು ಹಳೆಯ ಹೆಸರನ್ನು ನೆನಪಿಟ್ಟವರೇ ಕಡಿಮೆ. ಲಿಬ್ರೆಆಫೀಸ್ ಕಥೆಯೂ ಹತ್ತಿರ ಹತ್ತಿರ ಇದೇ. 2010ರಲ್ಲಿ 'ಓಪನ್ ಆಫೀಸ್' ಎಂಬ ಕಚೇರಿ ಕೆಲಸದ ಪ್ರೋಗ್ರಾಮ್ ಕಟ್ಟುತ್ತಿದ್ದ ಹಲವರು ಎದ್ದು ಬಂದರು, ಆ ಹೆಸರು ಒರಾಕಲ್ ಕಂಪನಿ ಬಳಿ ಉಳಿಯಿತು.

ನಿಮಗೆ ನನ್ನ ಸಲಹೆ ಇಷ್ಟು. ಹೊಸ ಹೆಸರು ಇಡಿ, ಹೊಸ ಲೋಗೋ ಬರೆಸಿ. ವಿವರಣೆಯಲ್ಲಿ 'ಇಂಥ ಪ್ರೋಗ್ರಾಮ್ ಆಧರಿಸಿದ್ದು, ಆ ತಂಡಕ್ಕೂ ಇದಕ್ಕೂ ಸಂಬಂಧವಿಲ್ಲ' ಎಂದು ಬರೆಯಿರಿ. ಹಳೆಯ ಹೆಸರಿನ ಒಂದಕ್ಷರ ಬದಲಿಸಿ ಜಾಣತನ ತೋರಿಸಬೇಡಿ. ಮೂಲ ತಂಡದ ಟ್ರೇಡ್‌ಮಾರ್ಕ್ ನಿಯಮಗಳ ಪುಟ ಇದ್ದರೆ ಮೊದಲು ಅದನ್ನು ಓದಿ. ಕೆಲವರು ಸಣ್ಣಪುಟ್ಟ ತಿದ್ದುಪಡಿಗೆ ಹಳೆಯ ಹೆಸರನ್ನೇ ಇಟ್ಟುಕೊಳ್ಳಲು ಬಿಡುತ್ತಾರೆ.

ಪ್ರಶ್ನೆ: 'ಆಪಲ್', 'ವಿಂಡೋಸ್' ಎಲ್ಲರೂ ಆಡುವ ಇಂಗ್ಲಿಷ್ ಮಾತುಗಳು. ಹಣ್ಣಿನ ಹೆಸರಿಗೆ, ಕಿಟಕಿಯ ಹೆಸರಿಗೆ ಒಂದು ಕಂಪನಿ ಒಡೆಯನಾಗುವುದು ಹೇಗೆ?

ಪದಕ್ಕೆ ಯಾರೂ ಒಡೆಯರಲ್ಲ. ಟ್ರೇಡ್‌ಮಾರ್ಕ್ ಅಂದರೆ ಒಂದು ಬಗೆಯ ಸರಕಿನ ಮೇಲೆ ಆ ಪದವನ್ನು ಗುರುತಾಗಿ ಬಳಸುವ ಹಕ್ಕು, ಅಷ್ಟೇ. ಅದಕ್ಕಾಗಿ ಸರಕು ಮತ್ತು ಸೇವೆಗಳನ್ನು 45 ವರ್ಗಗಳಾಗಿ ವಿಂಗಡಿಸಿದ್ದಾರೆ. ಸೇಬು ಮಾರುವವನು 'ಆಪಲ್' ಅಂದರೆ ಅದು ಬರೀ ಸರಕಿನ ಹೆಸರು. ಕಂಪ್ಯೂಟರ್ ಮಾರುವವನು ಅಂದರೆ ಅದು ಗಟ್ಟಿ ಗುರುತು, ಏಕೆಂದರೆ ಸೇಬಿಗೂ ಕಂಪ್ಯೂಟರಿಗೂ ಏನೂ ಸಂಬಂಧವಿಲ್ಲ.

ತೊಂದರೆ ಶುರುವಾಗುವುದು ವರ್ಗದ ಬೇಲಿ ದಾಟಿದಾಗ. ಬೀಟಲ್ಸ್ ಹಾಡುಗಾರರ ಕಂಪನಿಯ ಹೆಸರೂ ಆಪಲ್ಲೇ. 1978ರಲ್ಲಿ ಅವರು ಆಪಲ್ ಕಂಪ್ಯೂಟರ್ ಮೇಲೆ ಕೇಸು ಹಾಕಿದರು. 1981ರಲ್ಲಿ ರಾಜಿಯಾಯಿತು. 80,000 ಡಾಲರ್ ಕೊಡುವುದು, ಸಂಗೀತದ ಕಡೆ ತಲೆ ಹಾಕುವುದಿಲ್ಲ ಎಂದು ಮಾತು ಕೊಡುವುದು. ಆದರೆ ಕಂಪ್ಯೂಟರ್ ಎಷ್ಟು ದಿನ ಮೂಕವಾಗಿರುತ್ತದೆ? ಅದು ಹಾಡಲು ಕಲಿತ ಮೇಲೆ ಮತ್ತೆ ಕೇಸು. 1991ರಲ್ಲಿ ಸುಮಾರು 2.65 ಕೋಟಿ ಡಾಲರಿಗೆ ಇನ್ನೊಂದು ರಾಜಿ. ಅದೇ ಸಮಯದಲ್ಲಿ ಆಪಲ್‌ನ ಒಬ್ಬ ಎಂಜಿನಿಯರ್ ಹೊಸ ಸದ್ದೊಂದಕ್ಕೆ 'ಸೋಸುಮಿ' ಅಂತ ಹೆಸರಿಟ್ಟ. ಕೇಳಿದವರಿಗೆ ಜಪಾನಿ ಪದ ಎಂದು ಹೇಳಿದ್ದಾಯಿತು. ಜೋರಾಗಿ ಓದಿದರೆ ಇಂಗ್ಲಿಷಿನಲ್ಲಿ 'ಬೇಕಿದ್ರೆ ಕೇಸು ಹಾಕ್ಕೊಳ್ಳಿ' ಎಂದು ಕೇಳಿಸುತ್ತದೆ. ಐಟ್ಯೂನ್ಸ್ ಬಂದ ಮೇಲೆ ಮೂರನೇ ಸುತ್ತು. ಅದರಲ್ಲಿ 2006ರಲ್ಲಿ ಲಂಡನ್ನಿನ ಕೋರ್ಟು ಕಂಪ್ಯೂಟರ್ ಕಂಪನಿಯ ಪರ ತೀರ್ಪು ಕೊಟ್ಟಿತು. ಮರುವರ್ಷ ಹೆಸರಿನ ಎಲ್ಲ ಹಕ್ಕೂ ಕಂಪ್ಯೂಟರ್ ಕಂಪನಿಗೆ ಹೋಯಿತು. ಹಾಡಿನ ಕಂಪನಿ ತನ್ನದೇ ಹೆಸರನ್ನು ಅವರಿಂದ ಲೈಸೆನ್ಸ್ ಪಡೆದು ಬಳಸುತ್ತಿದೆ.

'ವಿಂಡೋಸ್' ಮಾತ್ರ 'ಆಪಲ್'ನಷ್ಟು ಗಟ್ಟಿ ಹೆಸರಲ್ಲ. ಪರದೆ ಮೇಲಿನ ಚೌಕಗಳಿಗೆ ಮೈಕ್ರೋಸಾಫ್ಟ್ ಬರುವ ಮೊದಲೇ ಎಂಜಿನಿಯರುಗಳು ವಿಂಡೋ ಅನ್ನುತ್ತಿದ್ದರು. 2001ರಲ್ಲಿ 'ಲಿಂಡೋಸ್' ಎಂಬ ಲಿನಕ್ಸ್ ಕಂಪನಿ ಮೇಲೆ ಮೈಕ್ರೋಸಾಫ್ಟ್ ಕೇಸು ಹಾಕಿತು. ಅಮೆರಿಕದ ಕೋರ್ಟು ತಡೆಯಾಜ್ಞೆ ಕೊಡಲಿಲ್ಲ. ಈ ಪದ ಮೊದಲಿನಿಂದಲೂ ಸಾಮಾನ್ಯ ಪದವೇ ಅಲ್ಲವೇ ಎಂಬ ಪ್ರಶ್ನೆ ಎದ್ದಿತು. ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದರೆ ಏನಾಗುತ್ತಿತ್ತೋ. 2004ರಲ್ಲಿ ರಾಜಿಯಾಯಿತು. ಕೇಸು ಹಾಕಿದ ಮೈಕ್ರೋಸಾಫ್ಟೇ ಸುಮಾರು 2 ಕೋಟಿ ಡಾಲರ್ ಕೊಟ್ಟು ಆ ಹೆಸರನ್ನು ಕೊಂಡುಕೊಂಡಿತು! ಲಿಂಡೋಸ್ 'ಲಿನ್‌ಸ್ಪೈರ್' ಆಯಿತು. ಮೇಲೆ ಒಂದಕ್ಷರದ ಜಾಣತನ ಬೇಡ ಅಂದೆನಲ್ಲ, ಇದನ್ನು ಓದಿ ಯಾರಿಗೂ ಆಸೆ ಹುಟ್ಟದಿರಲಿ. ಅವರ ಹಿಂದೆ ದುಡ್ಡಿದ್ದ ಮಾಲೀಕರೂ ದೊಡ್ಡ ವಕೀಲರೂ ಇದ್ದರು.

ಇಂಟೆಲ್‌ಗೆ ಇನ್ನೊಂದು ಬಗೆಯ ಪಾಠವಾಯಿತು. '386' ಎಂಬ ಚಿಪ್ ಹೆಸರು ತನ್ನದು ಎಂದು ಅದು ವಾದಿಸಿದಾಗ 1991ರಲ್ಲಿ ಕೋರ್ಟು ಒಪ್ಪಲಿಲ್ಲ. ಅಂಥ ಅಂಕಿಯನ್ನು ತನ್ನದಾಗಿ ಉಳಿಸಿಕೊಳ್ಳುವುದು ಕಷ್ಟ ಎಂದು ಗೊತ್ತಾದ ಮೇಲೆ, 1993ರಲ್ಲಿ ಬಂದ ಚಿಪ್‌ಗೆ 586 ಅನ್ನದೆ 'ಪೆಂಟಿಯಂ' ಎಂದರು.

ಪ್ರಶ್ನೆ: ವಿಂಡೋಸ್ ಅಂದರೆ ಆಪಲ್‌ನ ಮ್ಯಾಕ್‌ನಿಂದ ಕದ್ದದ್ದು, ಕೋರ್ಟಿನಲ್ಲಿ ದುಡ್ಡಿನ ಬಲದಿಂದ ಗೆದ್ದರು ಅನ್ನುತ್ತಾರೆ ಮ್ಯಾಕ್ ಬಳಸುವ ನನ್ನ ಅಣ್ಣ. ನಿಜವೇ?

ನಿಮ್ಮ ಅಣ್ಣ ಒಂದು ಕಾಗದವನ್ನು ಮರೆತಿದ್ದಾರೆ. 1985ರಲ್ಲಿ ಆಪಲ್ಲೇ ಮೈಕ್ರೋಸಾಫ್ಟ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿತ್ತು. ವಿಂಡೋಸ್‌ನ ಮೊದಲ ಆವೃತ್ತಿಯಲ್ಲಿದ್ದ ನೋಟವನ್ನು ಬಳಸಲು ಅದು ಅನುಮತಿ ಕೊಟ್ಟಿತ್ತು. 1988ರಲ್ಲಿ ಆಪಲ್ ಕೇಸು ಹಾಕಿದಾಗ ಪಟ್ಟಿ ಮಾಡಿದ್ದು 189 ಅಂಶ. ಅದರಲ್ಲಿ 179ಕ್ಕೆ ಆ ಒಪ್ಪಂದವೇ ಅನುಮತಿ ಎಂದು ಕೋರ್ಟು ಹೇಳಿತು. ಉಳಿದ ಹತ್ತರಲ್ಲಿ ಹೆಚ್ಚಿನವು ಕಾಪಿರೈಟ್ ಕೊಡುವಂಥವೇ ಅಲ್ಲ ಎಂದಿತು. 1994ರಲ್ಲಿ ಮೇಲಿನ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಹಾಗಾಗಿ ಆಪಲ್ ಸೋತದ್ದು ಹೆಚ್ಚಾಗಿ ತನ್ನದೇ ಸಹಿಗೆ.

ಕದ್ದದ್ದು ಅನ್ನುವ ಮಾತಿಗೆ ಬಂದರೆ, ಕಿಟಕಿ, ಮೌಸ್, ಐಕಾನ್ ಎಲ್ಲವೂ ಜೆರಾಕ್ಸ್‌ನ ಪಾರ್ಕ್ ಪ್ರಯೋಗಾಲಯದಲ್ಲಿ ಆಗಲೇ ಓಡುತ್ತಿದ್ದವು. 1979ರಲ್ಲಿ ಆಪಲ್‌ನವರು ಹೋಗಿ ನೋಡಿ ಬಂದರು. ಕದ್ದು ನೋಡಿದ್ದಲ್ಲ, ಕರೆದು ತೋರಿಸಿದ್ದು. ಬದಲಿಗೆ ಜೆರಾಕ್ಸ್‌ಗೆ 10 ಲಕ್ಷ ಡಾಲರಿಗೆ ಆಪಲ್ ಷೇರು ಕೊಳ್ಳುವ ಅವಕಾಶ ಸಿಕ್ಕಿತ್ತು. ಮುಂದೆ 1989ರಲ್ಲಿ ಜೆರಾಕ್ಸ್ ಕೂಡ ಆಪಲ್ ಮೇಲೆ ಕೇಸು ಹಾಕಿತು. ಮರುವರ್ಷವೇ ಅದರ ಬಹುಪಾಲು ಬಿದ್ದುಹೋಯಿತು.

ಅಣ್ಣನ ಪರವಾಗಿಯೂ ಒಂದು ಮಾತು ಹೇಳಬೇಕು. ಜೆರಾಕ್ಸ್ ಪರದೆಯನ್ನು ಮ್ಯಾಕ್ ಸುಮ್ನೆ ನಕಲು ಮಾಡಲಿಲ್ಲ. ಮೇಲಿನ ಮೆನು ಪಟ್ಟಿ, ಮೇಲಿದ್ದ ಕಿಟಕಿ ಸರಿದಾಗ ಮುಚ್ಚಿಹೋಗಿದ್ದ ಭಾಗವನ್ನು ತಾನೇ ಮತ್ತೆ ಬರೆದುಕೊಳ್ಳುವ ಕಿಟಕಿ, ಇವಕ್ಕೆಲ್ಲ ಆಪಲ್‌ನವರು ತುಂಬ ಬೆವರು ಹರಿಸಿದ್ದಾರೆ. ಆ ಬೆವರಿಗೆ ಕಾಪಿರೈಟ್ ಸಿಗಲಿಲ್ಲ ಅನ್ನುವುದು ಬೇರೆ ಮಾತು. 1997ರಲ್ಲಿ ಮೈಕ್ರೋಸಾಫ್ಟ್ ಆಪಲ್‌ನಲ್ಲಿ 15 ಕೋಟಿ ಡಾಲರ್ ಹೂಡಿದಾಗ ಉಳಿದ ಜಗಳಗಳೂ ಮುಗಿದವು. ಕಂಪನಿಗಳ ಜಗಳ ಮುಗಿಯಿತು, ಅಭಿಮಾನಿಗಳದ್ದು ಇನ್ನೂ ಇದೆ.

ಪ್ರಶ್ನೆ: ನಾನು ಸಾಫ್ಟ್‌ವೇರ್ ಬಗ್ಗೆ ಲೇಖನ ಬರೆಯುತ್ತೇನೆ. ಕಂಪನಿ ಹೆಸರು ಬಂದಾಗಲೆಲ್ಲ ವೃತ್ತದೊಳಗಿನ 'ಆರ್' ಗುರುತು ಹಾಕಬೇಕಾ? ಅನುಮತಿ ಬೇಕಾ?

ಎರಡೂ ಬೇಡ. ಒಂದು ವಸ್ತುವಿನ ಬಗ್ಗೆ ಮಾತಾಡಲು ಅದರ ಹೆಸರು ಹೇಳಲೇಬೇಕಲ್ಲ. ಹೊಗಳಿ, ತೆಗಳಿ, ಹೋಲಿಸಿ. ಆ ಕಂಪನಿಯೇ ನಿಮ್ಮ ಲೇಖನದ ಹಿಂದಿದೆ ಎಂದು ಓದುಗರಿಗೆ ಅನ್ನಿಸದಿದ್ದರೆ ಸಾಕು. ಅತಿಯಾಗಿ ಹೆದರಿದರೆ ಸೆಂಟ್‌ಓಎಸ್ ಥರ ಆಗುತ್ತದೆ. ರೆಡ್ ಹ್ಯಾಟ್ ಕೋಡಿನಿಂದ ಕಟ್ಟಿದ ಆ ಲಿನಕ್ಸ್‌ನವರು ಒಂದು ಕಾಲದಲ್ಲಿ ರೆಡ್ ಹ್ಯಾಟ್ ಹೆಸರೆತ್ತದೆ 'ಉತ್ತರ ಅಮೆರಿಕದ ಪ್ರಮುಖ ಲಿನಕ್ಸ್ ಮಾರಾಟಗಾರರು' ಎಂದೇ ಬರೆಯುತ್ತಿದ್ದರು. ಗಂಡನ ಹೆಸರು ಹೇಳದ ಹಳೇ ಕಾಲದ ಹೆಂಡತಿಯರ ಹಾಗೆ.

ಪ್ರಶ್ನೆ: ಲಿನಕ್ಸ್ ಯುನಿಕ್ಸ್ ಹೌದೋ ಅಲ್ಲವೋ? ವಾದ ಕೈಕೈ ಮಿಲಾಯಿಸುವ ತನಕ ಹೋಗಿದೆ.

ಕೈ ಇಳಿಸಿ. ಇಬ್ಬರೂ ಒಂದೇ ಪದವನ್ನು ಎರಡು ಅರ್ಥದಲ್ಲಿ ಬಳಸುತ್ತಿದ್ದೀರಿ.

ನಡವಳಿಕೆ ನೋಡಿದರೆ ಲಿನಕ್ಸ್, ಯುನಿಕ್ಸ್ ಎಂಬ ಹಳೆಯ ಆಪರೇಟಿಂಗ್ ಸಿಸ್ಟಮ್ ವಂಶದ್ದೇ. ಹೆಸರಿನ ಲೆಕ್ಕದಲ್ಲಿ ಮಾತ್ರ ಅಲ್ಲ. 'ಯುನಿಕ್ಸ್' ಟ್ರೇಡ್‌ಮಾರ್ಕ್ ಓಪನ್ ಗ್ರೂಪ್ ಎಂಬ ಸಂಸ್ಥೆಯದ್ದು. ಅವರ ಪರೀಕ್ಷೆ ಪಾಸಾಗಿ, ಶುಲ್ಕ ಕಟ್ಟಿದವರಿಗೆ ಮಾತ್ರ ಆ ಹೆಸರು. ಆಪಲ್‌ನ ಮ್ಯಾಕ್ ಓಎಸ್ 2007ರಲ್ಲಿ ಪಾಸಾಯಿತು. ಬಹುತೇಕ ಲಿನಕ್ಸ್‌ಗಳು ಪರೀಕ್ಷೆಗೇ ಕೂತಿಲ್ಲ.

ಅಂದಹಾಗೆ ಲಿನಕ್ಸ್ ಹೆಸರನ್ನೂ ಒಬ್ಬ ಹೊರಗಿನ ವ್ಯಕ್ತಿ 1990ರ ದಶಕದಲ್ಲಿ ಅಮೆರಿಕದಲ್ಲಿ ತನ್ನ ಹೆಸರಿಗೆ ನೋಂದಾಯಿಸಿಕೊಂಡು, ಬಳಸುವವರಿಂದ ದುಡ್ಡು ಕೇಳಿದ್ದ. ಲಿನಕ್ಸ್ ಕಂಪನಿಗಳು ಒಟ್ಟಾಗಿ ಹೋರಾಡಿ 1997ರಲ್ಲಿ ಅದನ್ನು ಲಿನಕ್ಸ್ ಶುರು ಮಾಡಿದ ಲಿನಸ್ ಟೊರ್ವಾಲ್ಡ್ಸ್ ಹೆಸರಿಗೆ ಮಾಡಿಸಿದವು. ಹೆಸರು ಮುಕ್ತವಾಗಿರಲಿ ಎಂದು ನೋಂದಾಯಿಸದೆ ಬಿಟ್ಟರೆ ಇನ್ಯಾರೋ ಬಂದು ಬೀಗ ಹಾಕುತ್ತಾರೆ. 'ಓಪನ್ ಸೋರ್ಸ್‌ಗೆ ಟ್ರೇಡ್‌ಮಾರ್ಕ್ ಯಾಕೆ' ಅನ್ನುವವರಿಗೆ ನಾನು ಕೊಡುವ ಉದಾಹರಣೆ ಇದೇ.

ಪ್ರಶ್ನೆ: 'ಜಾವಾಸ್ಕ್ರಿಪ್ಟ್' ಹೆಸರು ಒರಾಕಲ್‌ನದ್ದು ಅಂದರೆ ನನ್ನ ಜೊತೆ ಕೆಲಸ ಮಾಡುವವರು ನಕ್ಕರು. ನಾನು ತಪ್ಪೇ?

ನಗಬೇಕಾದವರು ನೀವು. ಅಮೆರಿಕದಲ್ಲಿ ಆ ನೋಂದಣಿ ಒರಾಕಲ್ ಹೆಸರಲ್ಲಿದೆ.

1995ರಲ್ಲಿ ನೆಟ್‌ಸ್ಕೇಪ್ ಎಂಬ ಬ್ರೌಸರ್ ಕಂಪನಿಯ ಬ್ರೆಂಡನ್ ಐಕ್ ಹತ್ತೇ ದಿನದಲ್ಲಿ ವೆಬ್ ಪುಟಗಳಿಗಾಗಿ ಈ ಪ್ರೋಗ್ರಾಮಿಂಗ್ ಭಾಷೆಯ ಮೊದಲ ರೂಪ ಬರೆದರು. ಮೊದಲು 'ಮೋಕಾ', ಆಮೇಲೆ 'ಲೈವ್‌ಸ್ಕ್ರಿಪ್ಟ್'. ಆಗ ಸನ್ ಕಂಪನಿಯ ಜಾವಾ ಎಂಬ ಇನ್ನೊಂದು ಭಾಷೆಗೆ ಭಾರಿ ಬೇಡಿಕೆ. ಆ ಗಾಳಿಗೆ ತೂರಿಕೊಳ್ಳಲು ಸನ್ ಜೊತೆ ಸೇರಿ 'ಜಾವಾಸ್ಕ್ರಿಪ್ಟ್' ಎಂದು ಹೆಸರಿಟ್ಟರು. ಎರಡು ಭಾಷೆಗೂ ಹೆಸರು ಬಿಟ್ಟರೆ ನಂಟು ತೀರಾ ಕಡಿಮೆ. ಕಲಿಯಲು ಬರುವವರು ಇವತ್ತಿಗೂ ಗೊಂದಲ ಮಾಡಿಕೊಳ್ಳುತ್ತಾರೆ. ಟ್ರೇಡ್‌ಮಾರ್ಕ್ ಸನ್ ಬಳಿ ಇತ್ತು. 2010ರಲ್ಲಿ ಸನ್ ಜೊತೆಗೆ ಅದೂ ಒರಾಕಲ್ ಪಾಲಾಯಿತು. ಹೆಸರು ಆಗ ಸನ್‌ನದ್ದಾಗಿದ್ದ ಕಾರಣಕ್ಕೇ 1997ರ ಮಾನಕದಲ್ಲಿ ಭಾಷೆಗೆ 'ಎಕ್ಮಾಸ್ಕ್ರಿಪ್ಟ್' ಎಂದು ಹೆಸರು. ಅದು ಚರ್ಮರೋಗದ ಹೆಸರಿನ ಹಾಗೆ ಕೇಳುತ್ತದೆ ಎಂದು ಸ್ವತಃ ಐಕ್ ಅವರೇ ಗೊಣಗಿದ್ದಾರೆ.

ನಿಮ್ಮ ಗೆಳೆಯರ ನಗುವಿನಲ್ಲೂ ಒಂದು ಅಂಶ ಇದೆ. ಕೇಳಿದವರಿಗೆ ಒರಾಕಲ್ ನೆನಪೇ ಆಗದಿದ್ದರೆ ಆ ಹೆಸರು ಯಾರ ಗುರುತು? 2024ರ ನವೆಂಬರಿನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ಸಾಧನ ಕಟ್ಟುವ ಡೆನೋ ಕಂಪನಿ ಇದೇ ವಾದ ಹಿಡಿದು, ನೋಂದಣಿ ರದ್ದು ಮಾಡಿ ಎಂದು ಅಮೆರಿಕದ ಟ್ರೇಡ್‌ಮಾರ್ಕ್ ಕಚೇರಿಗೆ ಅರ್ಜಿ ಹಾಕಿತು. ಎಸ್ಕಲೇಟರ್‌ಗೆ ಹೀಗೇ ಆಗಿತ್ತು. ಒಂದು ಕಂಪನಿಯ ಗುರುತಾಗಿದ್ದ ಆ ಪದ ಎಲ್ಲರ ಬಾಯಲ್ಲೂ ಓಡುವ ಮೆಟ್ಟಿಲಿನ ಹೆಸರೇ ಆಗಿ, 1950ರಲ್ಲಿ ಕಂಪನಿಯ ಕೈತಪ್ಪಿತು. ಅರ್ಜಿದಾರರ ವಾದವೇ ನನಗೆ ಸರಿ ಅನ್ನಿಸುತ್ತದೆ. ನಿಮ್ಮ ಕೋಡಿಗಂತೂ ಇದರಿಂದ ಏನೂ ಆಗದು. ಆ ಭಾಷೆಯ ಹೆಸರಲ್ಲಿ ಸಮ್ಮೇಳನವನ್ನೋ ಸರಕನ್ನೋ ಶುರು ಮಾಡುವ ಯೋಚನೆ ಇದ್ದರೆ ಮಾತ್ರ, ಸದ್ಯಕ್ಕೆ ಉಳಿದವರ ಹಾಗೆ 'ಜೆಎಸ್' ಎಂಬ ಎರಡಕ್ಷರದಲ್ಲೇ ಮುಗಿಸಿ.